ನೂರು ವರ್ಷ ಎಂದು ನಾನು ಹೇಳಿದ ಚಾಕು

ಅವತ್ತು ಭಾನುವಾರ. ಮಂಡಕ್ಕಿ ಒಗ್ಗರಣೆ ತಿಂದು, ಎರಡನೇ ಲೋಟ ಚಹಾ ಕುಡಿದು, ಪಡಸಾಲೆಯಲ್ಲಿ ಹಳೇ ಪೇಪರು ಹಾಸಿಕೊಂಡು ಕೂತಿದ್ದೆ. ಪೇಪರಿನ ಮೇಲೆ ನನ್ನ ಇಪ್ಪತ್ತಮೂರು ಚಾಕುಗಳು. ಎಲ್ಲವೂ ಮಡಚುವ ಚಾಕುಗಳು, ಎಲ್ಲವೂ ಹಳೆಯವು. ತಿಂಗಳಿಗೊಮ್ಮೆ ಅವಕ್ಕೆ ಬಟ್ಟೆಯಿಂದ ಕೊಬ್ಬರಿ ಎಣ್ಣೆ ಹಚ್ಚುವುದು ನನ್ನ ಪದ್ಧತಿ. ನನ್ನ ಹೆಂಡತಿ ಓಬಮ್ಮ ಅದಕ್ಕೆ ‘ಎಣ್ಣೆ ಸ್ನಾನ’ ಎನ್ನುತ್ತಿದ್ದಳು. ‘ನಿಮ್ಮ ತಲೆಗೆ ಹಚ್ಚಾಕೆ ಎಣ್ಣೆ ಇಲ್ಲ, ತುಕ್ಕಿಗೆ ಹಚ್ಚಾಕೆ ಐತೆ’ ಎಂದು ಪ್ರತಿ ತಿಂಗಳೂ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಎಣ್ಣೆ ಹಚ್ಚುವಂಥದ್ದು ಏನೂ ಉಳಿದಿರಲಿಲ್ಲ ಎಂಬುದು ಬೇರೆ ಮಾತು.

ಅವತ್ತು ಅವಳು ಒಳಗಿನಿಂದ ಬಂದು, ಪೇಪರಿನ ಅಂಚಿಗೆ ಇಪ್ಪತ್ತನಾಲ್ಕನೆಯದೊಂದು ಚಾಕು ಇಟ್ಟಳು. ಕೈಗೆ ಕೊಡಲಿಲ್ಲ. ನಮ್ಮಲ್ಲಿ ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಆಗುತ್ತದೆ ಅನ್ನುತ್ತಾರೆ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವಳು ಒಂದು ಸಲವೂ ನನ್ನ ಕೈಗೆ ಚಾಕು ಕೊಟ್ಟಿಲ್ಲ. ಆದರೂ ಜಗಳ ಆಗುತ್ತಿತ್ತು. ಅದಕ್ಕೆ ಚಾಕು ಬೇಕಾಗಿರಲಿಲ್ಲ.

‘ಇದಕ್ಕೆ ಎಷ್ಟು ವರ್ಷ ಆಗಿರಬಹುದು, ಹೇಳ್ರಿ ನೋಡಾನ.’

‘ಎಲ್ಲಿಂದ ಬಂತಿದು?’

‘ಅದನ್ನೂ ನಾನೇ ಹೇಳಿದ್ರೆ ನೀವು ಎದಕ್ಕೆ?’

ಚಾಕು ಎತ್ತಿಕೊಂಡೆ. ಕಪ್ಪಗಿನ ಹಿಡಿ, ಸವೆದು ಸಣ್ಣಗಾದ ಅಲಗು. ಉಗುರು ಹಾಕಿ ತೆರೆದೆ, ಕಿವಿಯ ಹತ್ತಿರ ಹಿಡಿದು ಮಡಚಿದೆ. ಟಕ್ ಎಂದಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚುವುದರಿಂದ ಏನೂ ತಿಳಿಯುವುದಿಲ್ಲ, ಆದರೆ ನೋಡುವವರಿಗೆ ನಂಬಿಕೆ ಬರುತ್ತದೆ. ಆಮೇಲೆ, ‘ನೂರು’ ಎಂದೆ.

‘ನೂರಾ?’

‘ಕಮ್ಮಿ ಅಂದ್ರೆ ನೂರು. ಬ್ರಿಟಿಷರ ಕಾಲದ್ದು.’

ಓಬಮ್ಮ ನಗತೊಡಗಿದಳು. ನಿಂತು ನಗಲು ಆಗದೆ ಹೊಸ್ತಿಲ ಮೇಲೆ ಕೂತು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಪಾಪ, ನೋಡಿದ್ರೆ ಹಂಗೆ ಕಾಣಲ್ಲ ಬಿಡ್ರಿ’ ಎಂದಳು. ಏನು ವಿಷಯ ಎಂದು ಕೇಳಿದೆ. ‘ನಾಳೆ ಹೇಳ್ತೀನಿ ತಡೀರಿ. ಇವತ್ತೊಂದಿನ ನೂರು ವರ್ಷ ಅಂತಲೇ ಇರಲಿ’ ಎಂದು ಒಳಗೆ ಹೋದಳು. ನಾನು ಒಂದು ಚೀಟಿಯಲ್ಲಿ ‘೧೦೦ ವರ್ಷ’ ಎಂದು ಬರೆದು, ದಾರದಿಂದ ಆ ಚಾಕುವಿಗೆ ಕಟ್ಟಿದೆ.

ಮಾರನೇ ಬೆಳಿಗ್ಗೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವಳು, ಕೊಡ ಇಳಿಸಿ, ಗೋಡೆಗೆ ಒರಗಿ ಕೂತಳು. ಅಷ್ಟೇ. ಆಸ್ಪತ್ರೆಗೆ ಕರೆದೊಯ್ದಾಗ ಹೃದಯ ನಿಂತಿದೆ ಎಂದರು.

ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಈ ಚಾಕುವಿನ ಹುಚ್ಚು ಅರ್ಥವಾಗುವುದಿಲ್ಲ. ನಾನು ಪಶು ಆಸ್ಪತ್ರೆಯಲ್ಲಿ ಸಹಾಯಕ. ಜಗಳೂರು, ಚನ್ನಗಿರಿ, ನ್ಯಾಮತಿ ಸುತ್ತಿ ಈಗ ಹೊನ್ನಾಳಿಯಲ್ಲಿದ್ದೇನೆ. ಡಾಕ್ಟರು ಬೇರೆ ಇದ್ದಾರೆ, ಆದರೂ ಜನ ನನ್ನನ್ನೇ ಡಾಕ್ಟ್ರೇ ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಸುಮ್ಮನಿದ್ದೇನೆ. ದನದ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ನನಗೆ ಹೆಸರಿದೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದ ಮೇಲೆ ಬಾಯಿಗೂಡಿತು ಎನ್ನುತ್ತೇವೆ. ಅಲ್ಲಿಂದ ಮುಂದೆ ಹಲ್ಲಿನ ಸವೆತ ನೋಡಿ ಅಂದಾಜು. ಹಳ್ಳಿ ಹಳ್ಳಿ ತಿರುಗುವಾಗ ಕುರಿ ಕಾಯುವವರ ಸೊಂಟದಲ್ಲಿ, ಎಲೆ ಅಡಿಕೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಳೇ ಚಾಕುಗಳು ಕಂಡವು. ಚಾಕುವೂ ಸವೆಯುತ್ತದೆ, ದನದ ಹಲ್ಲೂ ಸವೆಯುತ್ತದೆ, ಹಾಗಾಗಿ ಎರಡೂ ಒಂದೇ ವಿದ್ಯೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ತಪ್ಪು. ದನ ದಿನಾ ಮೇಯುತ್ತದೆ, ಹಲ್ಲು ಒಂದೇ ಸಮ ಸವೆಯುತ್ತದೆ. ಚಾಕು ಹಾಗಲ್ಲ. ಕುರಿಯವನ ಚಾಕು ದಿನಾ ಕಲ್ಲಿಗೆ ತಿಕ್ಕಿಸಿಕೊಂಡು ಐದೇ ವರ್ಷಕ್ಕೆ ಕಡ್ಡಿಯಾಗುತ್ತದೆ. ಪೆಟ್ಟಿಗೆಯಲ್ಲಿಟ್ಟದ್ದು ಐವತ್ತು ವರ್ಷವಾದರೂ ಮದುಮಗನ ಹಾಗಿರುತ್ತದೆ.

ಮದುಮಗ ಎಂದಾಗ ಚನ್ನಗಿರಿ ಸಂತೆಯ ಮಾತು ನೆನಪಾಯಿತು. ಅಲ್ಲಿ ಒಂದು ಚಾಕು ಕೊಂಡೆ. ಅಲಗು ತುದಿಯಿಂದ ಅರ್ಧದವರೆಗೆ ಕಪ್ಪಗೆ, ನೀಲಿಯಾಗಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವಷ್ಟು ಹಳತು. ನಮ್ಮ ತಾತನ ತಾತನ ಕಾಲದ್ದು ಎಂದು ಓಬಮ್ಮನ ಮುಂದೆ ಇಟ್ಟೆ. ಅವಳು ತೆರೆದು ಮೂಸಿದಳು. ತಲೆಯ ಪಿನ್ನು ತೆಗೆದು ಹಿಡಿಯ ಸಂದಿಯಲ್ಲಿ ಕೆದಕಿದಳು. ಒಂದು ನಿಂಬೆಬೀಜ ಹೊರಗೆ ಬಂತು.

‘ಇದು ಹೋದ ತಿಂಗಳು ಯಾರದ್ದೋ ಮದುವೇಲಿ ಇದ್ದ ಚಾಕು ಕಣ್ರೀ. ನಿಂಬೆಹಣ್ಣು ಚುಚ್ಚಿದ್ದಾರೆ. ಹಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಕಪ್ಪಾಗೈತೆ, ನೋಡ್ರಿ.’

ನಿಜವೇ. ನಮ್ಮ ಕಡೆ ಅರಿಶಿನದ ದಿನದಿಂದ ಮದುಮಗನ ಕೈಯಲ್ಲಿ ತುದಿಗೆ ನಿಂಬೆಹಣ್ಣು ಚುಚ್ಚಿದ ಚಾಕು ಇರುತ್ತದೆ. ಮದುವೆ ಮುಗಿಯುವವರೆಗೆ ಅವನು ಅದನ್ನು ಬಿಡುವಂತಿಲ್ಲ. ಎರಡು ದಿನದ ನಿಂಬೆರಸ ಕಬ್ಬಿಣಕ್ಕೆ ನೂರು ವರ್ಷದ ಬಣ್ಣ ಕೊಡುತ್ತದೆ. ಇಡೀ ಸಂತೆಯಲ್ಲಿ ಇದು ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ. ಮಾರಿದವನು ಅದನ್ನು ದೂರದಿಂದಲೇ ಗುರುತಿಸಿರಬೇಕು. ಆ ನಿಂಬೆಬೀಜವನ್ನು ಓಬಮ್ಮ ಹಿತ್ತಿಲಲ್ಲಿ ಹಾಕಿದಳು. ‘ಗಿಡ ಬಂದ್ರೆ ನಿಮ್ಮ ತಾತನ ತಾತ ಅಂತ ಹೆಸರಿಡಾನ’ ಎಂದಳು. ಬರಲಿಲ್ಲ.

ಅವಳು ಹೋದ ಮೇಲೆ ಚಾಕುಗಳ ತಗಡಿನ ಡಬ್ಬಿ ಮುಟ್ಟಲಿಲ್ಲ. ವರ್ಷದ ಕಾರ್ಯ ಹತ್ತಿರ ಬಂತು. ಮಗಳು ಸವಿತ ಚನ್ನಗಿರಿ ಹತ್ತಿರದ ನಲ್ಲೂರಿನಲ್ಲಿದ್ದಾಳೆ. ಅವಳು ಫೋನು ಮಾಡಿ, ‘ಅಪ್ಪಾ, ಅಮ್ಮನ ಫೋಟೋಕ್ಕೆ ಕಟ್ಟು ಹಾಕ್ಸು. ಕೆಳಗೆ ಜನನ ಮರಣ ಬರೆಸ್ಬೇಕು. ಅಮ್ಮ ಹುಟ್ಟಿದ್ದು ಯಾವಾಗ?’ ಎಂದಳು.

ಕಾಗದ ನೋಡಿ ಹೇಳುತ್ತೇನೆ ಎಂದೆ.

ತಾಲ್ಲೂಕಿನ ಎಮ್ಮೆಗಳ ವಯಸ್ಸೆಲ್ಲ ನನಗೆ ಗೊತ್ತು. ಹೆಂಡತಿಯದನ್ನು ಕೇಳಿರಲಿಲ್ಲ. ಕೇಳಬೇಕು ಎಂದು ತೋಚಲೂ ಇಲ್ಲ. ಕಾಗದಪತ್ರ ತೆಗೆದೆ. ಆಧಾರ್ ಪ್ರಕಾರ ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಮತದಾರರ ಚೀಟಿ ಪ್ರಕಾರ ಅವಳಿಗೆ ಹನ್ನೊಂದನೇ ವಯಸ್ಸಿಗೆ ಮಗಳು ಹುಟ್ಟಿರಬೇಕು. ರೇಷನ್ ಕಾರ್ಡು ಇವೆರಡರ ಜಗಳ ಬಿಡಿಸಲು ಹೋದಂತೆ ನಡುವೆ ನಿಂತಿತ್ತು.

‘ಆಧಾರದಾಗೆ ಇರೋದೇ ಹಾಕ್ಸು’ ಎಂದಳು ಸವಿತ.

‘ಜನವರಿ ಒಂದು ಅಂತ ಐತೆ ಕಣಮ್ಮ. ನಮ್ಮ ಬೀದಿಯಾಗೆ ಅರ್ಧ ಜನ ಅವತ್ತೇ ಹುಟ್ಟ್ಯಾರೆ.’

‘ನಿನ್ನದು?’

‘ಜೂನ್ ಒಂದು. ನನ್ನನ್ನು ಸ್ಕೂಲಿಗೆ ಸೇರ್ಸಿದ ದಿನ ಮೇಷ್ಟ್ರು ಹುಟ್ಟಿಸಿದ್ದು.’

ಸವಿತ ನಗಲು ಹೋಗಿ ಅತ್ತಳು. ನಾನು ಮಾತು ಸಾಕು ಮಾಡಿದೆ. ಆದರೆ ಆ ಜನವರಿ ಒಂದನ್ನು ಓಬಮ್ಮನ ಮುಖದ ಕೆಳಗೆ ಬರೆಸಲು ನನಗೆ ಮನಸ್ಸಾಗಲಿಲ್ಲ. ಒಮ್ಮೆ ಅವಳ ಎದುರಿಗೇ ಸುಳ್ಳು ವಯಸ್ಸು ಹೇಳಿದ್ದೆ, ಅದು ಚಾಕುವಿನದಾದರೂ. ಇನ್ನೊಂದು ಸುಳ್ಳು ಬೇಡ.

ಸೊಕ್ಕೆಗೆ ಹೊರಟೆ. ಜಗಳೂರು ತಾಲ್ಲೂಕಿನ ಆ ಹಳ್ಳಿ ಓಬಮ್ಮನ ತವರು. ಈಗ ಅಲ್ಲಿ ಅವಳ ಅಕ್ಕ ಬೋರಮ್ಮ ಇದ್ದಾರೆ. ಓಬಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವರು ಎಂದು ಅವರೇ ಹೇಳುತ್ತಾರೆ, ಒಮ್ಮೊಮ್ಮೆ ಏಳು ಎನ್ನುತ್ತಾರೆ. ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದರು. ವಿಷಯ ಹೇಳಿದೆ.

‘ಅಯ್ಯೋ ನಮ್ಮಪ್ಪಾ, ಮೂವತ್ತು ವರ್ಷ ಬಿಟ್ಟು ಕೇಳಾಕೆ ಬಂದ್ಯಾ? ಅವಳನ್ನೇ ಕೇಳಾಕೆ ಏನಾಗಿತ್ತು?’

‘ಕೇಳಲಿಲ್ಲ ಅಕ್ಕ.’

ಅವರು ಶೇಂಗಾ ಬಿಡಿಸುತ್ತಲೇ ಹೇಳಿದರು. ‘ಜೋಳ ಕೊಯ್ಯಾಕೆ ಹತ್ತಿದ್ರು. ಸಂತೆಗೆ ಇನ್ನ ಎರಡು ದಿನ ಇತ್ತು, ಆಗ ಹುಟ್ಟಿದ್ಲು. ಸಂತೆ ದಿನ ಅಪ್ಪ ಜಗಳೂರಿಗೆ ನಡಕೊಂಡು ಹೋಗಿ ಹೊಸಾ ಚಾಕು ತಂದ. ಮಡಚೋದು. ಗಾಳಿ ಸೋಕದಂಗೆ ಬಾಣಂತಿ ತಲೆದಿಂಬಿನ ಕೆಳಗೆ ಕಬ್ಬಿಣ ಇಡಬೇಕಲ್ಲ, ಕುಡುಗೋಲು ಇಟ್ರೆ ಕೂಸಿಗೆ ತಾಗುತ್ತೆ ಅಂತ ಅವನಿಗೆ ಭಯ. ಆ ಚಾಕು ಓಬಿನೇ ಇಟ್ಕಂಡಿದ್ಲು. ಮದುವೆ ಆದಾಗ ಟ್ರಂಕಿನಾಗೆ ಹಾಕ್ಕಂಡು ಬಂದ್ಲು. ನೋಡಿಲ್ಲೇನು ನೀನು?’

‘ಕರಿ ಹಿಡೀದಾ?’

‘ಕರೀದೇ. ಸವಿತ ಹುಟ್ಟಿದಾಗ ಇಲ್ಲೇ ತಲೆದಿಂಬಿನ ಕೆಳಗೆ ಇತ್ತು. ಆಮೇಲೆ ಅವಳಿಗೇ ಕೂಸಾದಾಗ, ಆ ಬಾಣಂತನದಾಗೂ ಇತ್ತು. ಎಂಥ ಗಂಡಸಪ್ಪಾ ನೀನು.’

ಎರಡು ಬಾಣಂತನಕ್ಕೂ ನಾನು ಬಾಗಿಲವರೆಗೆ ಹೋಗಿದ್ದೆ. ನಾನು ತಿಳಿದ ಮಟ್ಟಿಗೆ ತಲೆದಿಂಬಿನ ಕೆಳಗೆ ಹಾಸಿಗೆ ಇರುತ್ತದೆ. ಹಾಗಾದರೆ ಅವತ್ತು ಅವಳು ಪೇಪರಿನ ಅಂಚಿಗೆ ಇಟ್ಟದ್ದು ತನ್ನದೇ ವಯಸ್ಸಿನ ಚಾಕು. ನಾನು ಕಣ್ಣು ಮುಚ್ಚಿ, ಕಿವಿಗೆ ಹಿಡಿದು, ನೂರು ಎಂದೆ. ಇದನ್ನು ಹೇಳಿದಾಗ ಬೋರಮ್ಮನವರು ಶೇಂಗಾದ ಮೊರ ಪಕ್ಕಕ್ಕಿಟ್ಟು ನಕ್ಕರು. ಥೇಟ್ ತಂಗಿಯ ನಗು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಈಗ ಕೆಲಸ ಸುಲಭ ಎಂದುಕೊಂಡೆ. ಚಾಕುವಿನ ವರ್ಷ ಗೊತ್ತಾದರೆ ಅವಳ ವರ್ಷ ಗೊತ್ತಾದಂತೆ. ಹಳೇ ಚಾಕುಗಳ ಬಗ್ಗೆ ಮೊಬೈಲಿನಲ್ಲಿ ನಮ್ಮದೊಂದು ಗುಂಪಿದೆ, ಅದಕ್ಕೆ ಫೋಟೋ ಹಾಕಿದೆ. ಹನ್ನೊಂದು ಜನ ‘ಸೂಪರ್ ಸರ್’ ಎಂದರು. ಒಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದರು. ಕೊನೆಗೆ ನ್ಯಾಮತಿ ತಾಲ್ಲೂಕಿನ ಸವಳಂಗಕ್ಕೆ ಹೋದೆ. ಅಲ್ಲಿ ಒಬ್ಬ ಮುದುಕ ಕಮ್ಮಾರರಿದ್ದಾರೆ, ಎಲ್ಲರೂ ಆಚಾರ್ರು ಎನ್ನುತ್ತಾರೆ. ಚಾಕುವನ್ನು ಅವರು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟೆ. ಚೀಟಿ ಬಿಚ್ಚಲು ಮರೆತಿದ್ದೆ.

‘ನೂರು ವರ್ಷ ಅಂತ ಯಾವನ್ರೀ ಬರೆದಿದ್ದು, ಡಾಕ್ಟ್ರೇ?’

‘ಯಾರೋ ಬರೆದಾರೆ.’

‘ಅವನ ಕೈಲಿ ದನದ ಹಲ್ಲೂ ನೋಡಿಸಬ್ಯಾಡ್ರಿ.’

ಆಗಲಿ ಎಂದೆ. ಆಚಾರ್ರು ಸೂಜಿ ಕಾಯಿಸಿ ಹಿಡಿಯ ಒಳಮೂಲೆಗೆ ಮುಟ್ಟಿಸಿ ನನಗೆ ಮೂಸಲು ಹೇಳಿದರು. ‘ಕೊಂಬಾದ್ರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಬಾಚಣಿಗೆ ಸುಟ್ಟಂಗೆ ಐತೆ. ಪ್ಲಾಸ್ಟಿಕ್ಕು. ಕೊಂಬಿನಂಗೆ ಕಾಣಲಿ ಅಂತ ಮಾಡ್ಯಾರೆ.’ ಅಲಗಿನ ಬುಡವನ್ನು ಬೂದಿಯಿಂದ ಉಜ್ಜಿ ಬೆಳಕಿಗೆ ಹಿಡಿದರು. ಇಂಡಿಯಾ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಉಳಿದಿದ್ದವು. ‘ಬ್ರಿಟಿಷರೂ ಇಲ್ಲ, ಗಿಟಿಷರೂ ಇಲ್ಲ. ಅವರು ಹೋದ ಮೇಲಿಂದು. ಮೊಳೆ ಹಿತ್ತಾಳೆದು, ಸ್ಟೀಲು ಬರಾಕೆ ಮುಂಚಿಂದು. ಸವೆದಿರೋದು ವಯಸ್ಸಿಗಲ್ಲ ಸ್ವಾಮೀ. ಯಾರೋ ಹೆಣ್ಣುಮಗಳು ಒಗೆಯೋ ಕಲ್ಲಿಗೆ ತಿಕ್ಕಿ ತಿಕ್ಕಿ ಸವೆಸ್ಯಾಳೆ. ಗೀರು ಅಡ್ಡಡ್ಡ ಐತೆ ನೋಡ್ರಿ.’

ನೋಡಿದೆ. ಒಗೆಯುವ ಕಲ್ಲು ನಮ್ಮ ಹಿತ್ತಿಲಿನದು. ಅಂದರೆ ಅವಳು ಅದನ್ನು ಟ್ರಂಕಿನಲ್ಲಿ ಸುಮ್ಮನೆ ಇಟ್ಟಿರಲಿಲ್ಲ, ನಾನು ಕೆಲಸಕ್ಕೆ ಹೋದಾಗ ಬಳಸುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದರೆ ಎಣ್ಣೆ ಹಚ್ಚಿ ಡಬ್ಬಿಗೆ ಸೇರಿಸುತ್ತೇನೆ ಎಂದು ಮರೆಮಾಡಿದ್ದಿರಬೇಕು. ಆ ಭಯ ಸರಿಯಾದದ್ದೇ.

‘ಒಟ್ಟು ಎಷ್ಟು ವರ್ಷ ಅಂತೀರಿ ಆಚಾರ್ರೇ?’

‘ಐವತ್ತಕ್ಕೆ ಕಮ್ಮಿ ಇಲ್ಲ, ಅರವತ್ತಕ್ಕೆ ಹೆಚ್ಚಿಲ್ಲ.’

‘ಇನ್ನ ಸ್ವಲ್ಪ ಹತ್ತಿರಕ್ಕೆ ಹೇಳಾಕೆ ಆಗಲ್ವಾ? ಇಂಥಾ ವರ್ಷ ಅಂತ?’

‘ಇದು ಚಾಕು ಕಣ್ರೀ, ಪಂಚಾಂಗ ಅಲ್ಲ’ ಎಂದರು. ಆಮೇಲೆ ನನ್ನ ಮುಖ ನೋಡಿ, ‘ಯಾರದಿದು?’ ಎಂದರು. ಹೇಳಿದೆ. ಅವರು ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟರು. ಅಲಗಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಎರಡು ಸಲ ತೆರೆದು ಮಡಚಿ, ಅಡಿಗಲ್ಲಿನ ಮೇಲೆ ಇಟ್ಟರು. ಚೂಪು ಮಾಡಿಕೊಡಲೇ ಎಂದು ಕೇಳಿದರು. ಬೇಡ, ಆ ಗೀರುಗಳು ಇರಲಿ ಎಂದೆ.

ಆ ವಾರ ನನ್ನ ಡಬ್ಬಿಯ ಇಪ್ಪತ್ತಮೂರು ಚಾಕುಗಳ ಚೀಟಿಗಳನ್ನೂ ಬಿಚ್ಚಿದೆ. ಎಂಬತ್ತು, ನೂರಿಪ್ಪತ್ತು, ಒಂದರ ಮೇಲೆ ನೂರೈವತ್ತು ಎಂದೂ ಇತ್ತು. ಎಲ್ಲ ನನ್ನದೇ ಅಕ್ಷರ, ದುಂಡಗೆ, ಅನುಮಾನವೇ ಇಲ್ಲದಂತೆ ಬರೆದದ್ದು. ಈಗ ಆಸ್ಪತ್ರೆಯಲ್ಲಿ ಯಾರಾದರೂ ಎಮ್ಮೆ ತಂದು ವಯಸ್ಸು ಕೇಳಿದರೆ, ‘ನೀವು ಕೊಂಡು ಎಷ್ಟು ವರ್ಷ ಆತು?’ ಎಂದು ಮೊದಲು ಅವರನ್ನೇ ಕೇಳುತ್ತೇನೆ. ಡಾಕ್ಟ್ರಿಗೆ ಕಣ್ಣು ಮಂಜಾಗಿದೆ ಎಂದು ಊರಲ್ಲಿ ಮಾತಾಗಿದೆಯಂತೆ.

ಫೋಟೋ ಆಯಿತು. ಸ್ಟುಡಿಯೋದವನು ಜನನ, ಮರಣ ಎರಡೂ ಇದ್ದರೆ ಸಾಲು ಸಮ ಬರುತ್ತದೆ ಎಂದು ಹಟ ಹಿಡಿದ. ಜನನ ಎಂದು ಬರೆದು ಮುಂದೆ ಜಾಗ ಬಿಡು ಎಂದೆ. ವರ್ಷದ ಕಾರ್ಯಕ್ಕೆ ಬಂದವರು ಆ ಖಾಲಿ ಜಾಗ ನೋಡಿ ಕೇಳಿದರು. ‘ಸಂತೆಗೆ ಎರಡು ದಿನ ಮುಂಚೆ, ಜೋಳದ ಕಾಲಕ್ಕೆ’ ಎಂದೆ. ಅವರು ಇವನಿಗೆ ಏನೋ ಆಗಿದೆ ಎನ್ನುವಂತೆ ತಲೆಯಾಡಿಸಿ ಊಟಕ್ಕೆ ಕೂತರು. ಸಂತೆಯಿಂದ ವಾರ ಸಿಕ್ಕಿತು, ಜೋಳದಿಂದ ಕಾಲ ಸಿಕ್ಕಿತು. ಅವಳು ಹುಟ್ಟಿದ ವರ್ಷ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ.