ಗೊರಕೆ: ಈವರೆಗೆ ತಿಳಿದದ್ದೆಲ್ಲ

ಸಮಗ್ರಪ್ಪನ ಸಂಸಾರಕ್ಕೆ ಕಿಡಿ ಬಿದ್ದದ್ದು ಒಂದು ಗುಂಡಿ ಒತ್ತಿದ್ದರಿಂದ. ಗುಂಡಿಯ ಮೇಲೆ ‘ಓದಿದ್ದೇನೆ, ಪ್ರಕಟಿಸಿ’ ಎಂದಿತ್ತು. ಅವನು ಓದಿರಲಿಲ್ಲ.

ಅವನ ನಿಜವಾದ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ಚಹಾ ಹೇಗಿದೆ ಎಂದು ಕೇಳಿದರೂ ‘ಸಮಗ್ರವಾಗಿ ನೋಡಿದರೆ ಪರವಾಗಿಲ್ಲ’ ಎನ್ನುವವನಿಗೆ ಬೇರೆ ಹೆಸರು ಉಳಿಯುವುದು ಕಷ್ಟ. ಕೆಲಸವೂ ಅಂಥದ್ದೇ. ಒಂದು ಜಾಲತಾಣಕ್ಕೆ ಉದ್ದುದ್ದ ಲೇಖನ ಬರೆಯುವುದು. ಒಂದು ವಿಷಯದ ಬಗ್ಗೆ ಯಾರು ಯಾರು ಏನೇನು ಕಂಡುಕೊಂಡಿದ್ದಾರೋ ಅದನ್ನೆಲ್ಲ ಗುಡ್ಡೆ ಹಾಕಿ, ತೂಗಿ ನೋಡಿ, ಒಂದೇ ಕಡೆ ಹೆಣೆಯುವುದು. ಹೊಸದು ಬಂದಾಗಲೆಲ್ಲ ತಿದ್ದಿ ಬೆಳೆಸುವುದು. ಈಚೆಗೆ ಹೆಣೆಯುವುದು, ತಿದ್ದುವುದು ಎರಡನ್ನೂ ಕಂಪ್ಯೂಟರಿನೊಳಗಿನ ಎಐ ಸಹಾಯಕನಿಗೆ ವಹಿಸಿ, ತಾನು ಗುಂಡಿ ಒತ್ತುವ ಭಾಗವನ್ನು ಮಾತ್ರ ಉಳಿಸಿಕೊಂಡಿದ್ದ.

ಆ ವಾರದ ಲೇಖನ ಗೊರಕೆಯ ಬಗ್ಗೆ. ವೈದ್ಯರು, ಸಂಶೋಧಕರು ಅವನ ಪ್ರಶ್ನೆಗಳಿಗೆ ಫೋನಿಗೇ ಉತ್ತರ ಕಳಿಸುತ್ತಿದ್ದರು. ಒಂದೊಂದನ್ನೇ ಸಹಾಯಕನಿಗೆ ದಾಟಿಸುವುದು ಯಾರಿಗೆ ಬೇಕು ಎಂದು, ಸೋಮಾರಿ, ಫೋನಿನ ಸಂದೇಶಗಳನ್ನೆಲ್ಲ ಇಡಿಯಾಗಿ ತೆರೆದುಕೊಟ್ಟಿದ್ದ. ‘ಗೊರಕೆಗೆ ಸಂಬಂಧಿಸಿದ್ದು ಏನಿದ್ದರೂ ಸೇರಿಸು’ ಎಂದಿದ್ದ. ಆ ಫೋನಿನಲ್ಲಿ ಅವನ ವಸತಿ ಕಟ್ಟಡದ ನಿವಾಸಿಗಳ ಗುಂಪೂ ಇತ್ತು. ಅಲ್ಲಿ ಬರೀ ನೀರಿನ ಜಗಳ ಎಂದು ಅವನು ಯಾವತ್ತೋ ಅದರ ಸದ್ದು ಅಡಗಿಸಿ ಮರೆತುಬಿಟ್ಟಿದ್ದ.

ಬೆಳಿಗ್ಗೆ ಸಹಾಯಕ ಮರ್ಯಾದೆಯಿಂದಲೇ ಕೇಳಿಕೊಂಡಿತ್ತು: ‘ಏಳನೇ ಭಾಗದಲ್ಲಿ ಖಾಸಗಿ ಎನಿಸಬಹುದಾದ ವಿವರಗಳಿವೆ. ಪ್ರಕಟಿಸುವ ಮುನ್ನ ದಯವಿಟ್ಟು ಓದಿ.’ ಏಳನೇ ಭಾಗದವರೆಗೆ ಓದುವವನಾಗಿದ್ದರೆ ಅವನು ಸಹಾಯಕನನ್ನು ಯಾಕೆ ಇಟ್ಟುಕೊಳ್ಳುತ್ತಿದ್ದ? ಗುಂಡಿ ಒತ್ತಿ ಚಹಾ ಕುಡಿಯಲು ಎದ್ದ.

ಚಹಾ ಲೋಟ ತುಟಿಗೆ ತಾಗುವ ಹೊತ್ತಿಗೆ ಕಚೇರಿಯಲ್ಲಿ ಲೇಖನಗಳಿಗೆ ಚಿತ್ರ ಬರೆಯುವ ಹುಡುಗಿ ನಗು ತಡೆಯಲಾಗದೆ ಮೇಜಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

“ಸಮಗ್ರಪ್ಪ ಸಾರ್, ಏಳನೇ ಭಾಗ ಬಹಳ ಚೆನ್ನಾಗಿದೆ.”

“ಎಲ್ಲಾ ಭಾಗಾನೂ ಚೆನ್ನಾಗಿದೆಯಮ್ಮ. ಕಷ್ಟಪಟ್ಟು ಬರೆದಿದ್ದೀನಿ.”

“ಇದನ್ನ ನೀವೇ ಬರೆದಿದ್ದಾ? ನಿಮ್ಮ ಧೈರ್ಯ ಮೆಚ್ಚಬೇಕು!”

ಸಮಗ್ರಪ್ಪ ಏಳನೇ ಭಾಗ ತೆರೆದ. ‘ಒಂದು ವಸತಿ ಕಟ್ಟಡದ ಅನುಭವ’ ಎಂಬ ತಲೆಬರಹ. ‘ಎರಡನೇ ಮಹಡಿಯಲ್ಲಿ ವಾಸಿಸುವ, ಲೇಖನ ಬರೆಯುವ ವೃತ್ತಿಯ, ಮಧ್ಯವಯಸ್ಕ ವ್ಯಕ್ತಿಯೊಬ್ಬರ ಗೊರಕೆಯ ಬಗ್ಗೆ ನೆರೆಹೊರೆಯವರು ದೀರ್ಘಕಾಲದಿಂದ ದೂರುತ್ತಿದ್ದಾರೆ. ಕೆಳಮನೆಯ ಟೈಲರ್ ಮಹಿಳೆಯ ಧ್ವನಿಮುದ್ರಣಗಳು ಪ್ರಬಲ ಸಾಕ್ಷ್ಯ. ಮೇಲ್ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಹೇಳಿಕೆಗಳು ಬಿರುಸಾಗಿದ್ದರೂ ದುರ್ಬಲ ಸಾಕ್ಷ್ಯ. ಅವರಿಗೆ ಒಂದು ಕಿವಿ ಸರಿಯಾಗಿ ಕೇಳಿಸದೆಂದು ಅವರ ಪತ್ನಿಯೇ ಗುಂಪಿನಲ್ಲಿ ಬರೆದಿದ್ದಾರೆ.’

ನಗೆಪಾಟಲಾದದ್ದು ಹಾಗಿರಲಿ, ಸಮಗ್ರಪ್ಪನಿಗೆ ದಿಗಿಲಾದದ್ದು ಹೆಂಡತಿಯನ್ನು ನೆನೆದು. ಆ ಮನೆಯಲ್ಲಿ ಗೊರಕೆ ಹೊಡೆಯುವವಳು ಅವಳು ಎಂದು ತೀರ್ಮಾನವಾಗಿ ನಾಲ್ಕು ವರ್ಷವಾಗಿತ್ತು. ತೀರ್ಮಾನ ಮಾಡಿದವನು ಇವನು. ಅಂದಿನಿಂದ ಅವಳು ಹಾಲ್‌ನ ಸೋಫಾದ ಮೇಲೆ, ಇವನು ಕೋಣೆಯ ಮಂಚದ ಮೇಲೆ. ಅವಳ ಮೂಗಿನ ಮೂಳೆ ಕೊಂಚ ಸೊಟ್ಟಗಿದೆ ಎಂದು ಡಾಕ್ಟರ್ ಹೇಳಿದ್ದೇ ತಡ, ಆಪರೇಷನ್ ಕೂಡ ಗೊತ್ತುಮಾಡಿಸಿದ್ದ. ಬರುವ ಸೋಮವಾರವೇ. ಪಾಪ, ಅವಳು ಹೆದರಿ ಊಟ ಬಿಟ್ಟಿದ್ದಳು. ಇವನು ಸುಳ್ಳು ಹೇಳಿದ್ದನೆಂದಲ್ಲ. ತನ್ನ ಗೊರಕೆ ತನಗೆ ಕೇಳಿಸುವುದಿಲ್ಲ. ಆದ್ದರಿಂದ ತಾನು ಹೊಡೆಯುವುದಿಲ್ಲ ಎಂದು ಮನಸಾರೆ ನಂಬಿದ್ದ.

ಸಂಪಾದಕಿಯ ಕೋಣೆಗೆ ಓಡಿದ. “ಮೇಡಂ, ಏಳನೇ ಭಾಗ ತೆಗೆದುಬಿಡ್ಬೇಕು!”

“ನಮ್ಮ ನಿಯಮ ಮರೆತ್ರಾ? ಒಂದ್ಸಲ ಪ್ರಕಟವಾದದ್ದನ್ನ ಅಳಿಸೋ ಹಾಗಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷ್ಯ ತಂದು ತಿದ್ದಬೇಕು. ಈ ನಿಯಮ ಮಾಡಿಸಿದ್ದೇ ನೀವು.”

ನಿಜ. ಮಾಡಿಸಿದ್ದು ಅವನೇ, ಅದೂ ಭಾಷಣ ಬಿಗಿದು.

ಮೇಜಿಗೆ ಮರಳಿ ಸಹಾಯಕನಿಗೆ ಬರೆದ: ‘ಅದೆಲ್ಲ ಸುಳ್ಳು! ನಾನು ಗೊರಕೆ ಹೊಡೆಯುವುದಿಲ್ಲ. ಹೊಡೆಯುವವಳು ನನ್ನ ಹೆಂಡತಿ! ಈಗಲೇ ತಿದ್ದು!’ ಕ್ಷಣದಲ್ಲಿ ಕೆಲಸವಾಯಿತು. ‘ತಿದ್ದಿದ್ದೇನೆ. ಓದಿ ನೋಡುವಿರಾ?’ ಗಾಬರಿಯಲ್ಲಿ ಮತ್ತೆ ಅದೇ ಗುಂಡಿ ಒತ್ತಿದ. ಲೇಖನದಲ್ಲಿ ಹೊಸ ಸಾಲು ಮೂಡಿತು: ‘ಸದರಿ ವ್ಯಕ್ತಿ ಇದನ್ನು ನಿರಾಕರಿಸಿ, ತಮ್ಮ ಪತ್ನಿಯ ಕಡೆ ಬೆರಳು ತೋರಿಸಿದ್ದಾರೆ. ನಿದ್ದೆಯಲ್ಲಿದ್ದವರು ತಮ್ಮ ಬಗ್ಗೆ ತಾವೇ ನುಡಿಯುವ ಸಾಕ್ಷ್ಯಕ್ಕೆ ತೂಕ ಕಡಿಮೆ.’

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಡ್ರಾಯಿಂಗ್ ಮೇಷ್ಟ್ರು.

“ಯಾರಯ್ಯಾ ದುರ್ಬಲ ಸಾಕ್ಷ್ಯ? ಮೂವತ್ತು ವರ್ಷ ಹಿಂದಿನ ಬೆಂಚಿನ ಪಿಸುಮಾತು ಹಿಡಿದಿರೋ ಕಿವಿ ಕಣಯ್ಯಾ ಇದು! ಮನೆಗೆ ಬಾ, ಮೆಟ್ಟಿಲ ಹತ್ರಾನೇ ಕೂತಿರ್ತೀನಿ!”

ಹಿಂದೆಯೇ ಟೈಲರ್ ಅಕ್ಕ. “ಪ್ರಬಲ ಸಾಕ್ಷ್ಯ ಅಂತ ಬರೆದ್ರಲ್ಲಣ್ಣ, ತುಂಬಾ ಖುಷಿಯಾಯ್ತು. ಇನ್ನೂ ಒಂದಷ್ಟು ರೆಕಾರ್ಡಿಂಗ್ ಇದೆ, ಈಗ್ಲೇ ಕಳಿಸ್ಲಾ?”

ಬೇಡ ಎನ್ನುವುದರೊಳಗೆ ಬಂದುಬಿಟ್ಟವು. ಬಂದದ್ದನ್ನೆಲ್ಲ ಸಹಾಯಕ ಓದುತ್ತದೆ ಎಂಬುದು ನೆನಪಾಗಿ ಸಮಗ್ರಪ್ಪ ತಲೆ ಚಚ್ಚಿಕೊಂಡ. ಆದರೆ ಅವುಗಳ ತಾರೀಕು ನೋಡುತ್ತ ಹೋದವನು ಒಂದರ ಮೇಲೆ ಕಣ್ಣು ನೆಟ್ಟು ಕುರ್ಚಿಯಿಂದ ಜಿಗಿದ. ಕಳೆದ ತಿಂಗಳು ಕಚೇರಿಯ ತರಬೇತಿಗೆಂದು ಬೇರೆ ಊರಿಗೆ ಹೋಗಿ ಉಳಿದಿದ್ದ ರಾತ್ರಿ ಅದು! ಅವನು ಮನೆಯಲ್ಲೇ ಇರಲಿಲ್ಲ. ಗೊರಕೆ ಮಾತ್ರ ಗರಗಸದ ಹಾಗೆ ಕೊಯ್ಯುತ್ತಿತ್ತು.

ಹೋದ ಜೀವ ಬಂದಂತಾಯಿತು. ಅಂದಿನ ಹೋಟೆಲಿನ ರಸೀದಿಯನ್ನು ಹುಡುಕಿ ಸಹಾಯಕನಿಗೆ ಕೊಟ್ಟು, ರಜೆ ಕೂಡ ಹೇಳದೆ ಮನೆಗೆ ಧಾವಿಸಿದ.

ಮೆಟ್ಟಿಲ ಮೇಲೆ ಸಭೆಯೇ ಸೇರಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡ ಟೈಲರ್ ಅಕ್ಕ, ಮೇಲಿನ ಮೆಟ್ಟಿಲಲ್ಲಿ ಸೊಂಟಕ್ಕೆ ಕೈಯಿಟ್ಟ ಮೇಷ್ಟ್ರು, ಅವರ ಹಿಂದೆ ಅವರ ಹೆಂಡತಿ. ಬಾಗಿಲಲ್ಲಿ, ಮುಖ ಬಾಡಿಸಿಕೊಂಡು, ಸಮಗ್ರಪ್ಪನ ಹೆಂಡತಿ.

“ನನ್ನ ಕಡೆ ಬೆರಳು ತೋರಿಸಿ ಊರಿಗೆಲ್ಲ ಸಾರಿಬಿಟ್ರಲ್ಲ ರೀ,” ಎಂದಳು.

“ಸತ್ಯ ಸತ್ಯಾನೇ ಕಣೇ. ಎಲ್ರೂ ಕೇಳಿ!” ಸಮಗ್ರಪ್ಪ ಫೋನೆತ್ತಿ ಆ ರಾತ್ರಿಯ ಗೊರಕೆಯನ್ನು ಹಾಕಿದ. ಮೆಟ್ಟಿಲ ಗೋಡೆಗಳೆಲ್ಲ ಗುಂಯ್ಗುಟ್ಟಿದವು. “ಈ ರಾತ್ರಿ ನಾನು ಊರಲ್ಲೇ ಇರ್ಲಿಲ್ಲ! ರಸೀದಿ ಇದೆ! ಸಹಾಯಕ ಏನು ಹೇಳಿದೆ, ಕೇಳಿ: ‘ಇದು ಗಟ್ಟಿ ಸಾಕ್ಷ್ಯ. ಈ ರಾತ್ರಿಯ ಗೊರಕೆ ಸದರಿ ವ್ಯಕ್ತಿಯದ್ದಲ್ಲ. ಮನೆಯಲ್ಲಿ ಇರುವವರು ಇಬ್ಬರೇ ಆದ್ದರಿಂದ...’ ಗೊತ್ತಾಯ್ತಾ?”

ಹೆಂಡತಿ ಫೋನನ್ನು ಇಸಿದುಕೊಂಡು ತಾರೀಕು ನೋಡಿದಳು.

“ಆವತ್ತು ನಾನೂ ಇರ್ಲಿಲ್ಲ ರೀ. ನೀವು ಹೋದ್ಮೇಲೆ ತಂಗಿ ಮನೆಗೆ ಹೋಗಿದ್ದೆ. ನನ್ನ ಗೊರಕೆಗೆ ಅಲ್ಲಿ ಮಕ್ಕಳ ನಿದ್ದೆ ಕೆಡಬಾರ್ದು ಅಂತ ರಾತ್ರಿಯಿಡೀ ಎದ್ದೇ ಕೂತಿದ್ದೆ.”

ಬೀಗ ಹಾಕಿದ ಮನೆ. ಒಳಗೆ ಒಂದು ನರಪಿಳ್ಳೆಯಿಲ್ಲ. ಗೊರಕೆ ಇದೆ! ಟೈಲರ್ ಅಕ್ಕ ಎರಡು ಮೆಟ್ಟಿಲು ಕೆಳಗಿಳಿದಳು. ಸಮಗ್ರಪ್ಪ ಹೆಂಡತಿಯ ಹೆಗಲ ಮೇಲಿಂದ ಮನೆಯೊಳಗೆ ಇಣುಕಿದ. “ಕಳ್ಳನಾ?” ಎಂದ. “ಕಳ್ಳ ಬಂದು ನಿದ್ದೆ ಮಾಡ್ತಾನೇನಣ್ಣ?” ಎಂದಳು ಟೈಲರ್ ಅಕ್ಕ, ಅವಳ ಮನಸ್ಸಿನಲ್ಲಿದ್ದದ್ದು ಕಳ್ಳನಿಗಿಂತ ಭಯಂಕರವಾದದ್ದು.

ಸಮಗ್ರಪ್ಪ ಸಹಾಯಕನಿಗೆ ವಿಷಯ ತಿಳಿಸಿದ. ಅದಕ್ಕೆ ಹೆದರಿಕೆಯೆಲ್ಲಿ? ತಣ್ಣಗೆ ಕೇಳಿತು: ‘ಮನೆಯ ಇನ್ನೊಂದು ಬೀಗದ ಕೈ ಬೇರೆ ಯಾರ ಬಳಿಯಾದರೂ ಇತ್ತೇ?’

“ಗಿಡಕ್ಕೆ ನೀರು ಹಾಕಿ ಅಂತ ಮೇಷ್ಟ್ರಿಗೆ ಕೊಟ್ಟು ಹೋಗಿದ್ದೆ,” ಎಂದಳು ಹೆಂಡತಿ.

ಎಲ್ಲರೂ ಮೇಲೆ ನೋಡಿದರು. ಮೇಷ್ಟ್ರು ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ ಜಾರಿಕೊಳ್ಳುತ್ತಿದ್ದರು. ದಾರಿಗೆ ಅಡ್ಡ ನಿಂತದ್ದು ಅವರ ಹೆಂಡತಿ.

“ಆವತ್ತು ಸ್ನೇಹಿತರ ಮನೇಲಿ ಮಲಗಿದ್ದೆ ಅಂದ್ರಿ?”

“ನೀನು ಗೊರಕೆ ಅಂತ ದಿಂಬು ಸಮೇತ ಆಚೆ ಹಾಕಿದ್ರೆ ನಾನೆಲ್ಲಿಗೆ ಹೋಗ್ಲಿ? ಇಲ್ಲಿ ಮಂಚ ಸುಮ್ನೆ ಖಾಲಿ ಬಿದ್ದಿತ್ತು!”

ಸಮಗ್ರಪ್ಪನಿಗೆ ಕೋಪ ಬರಬೇಕಿತ್ತು, ಬಂದದ್ದು ಸಂತೋಷ. “ಸರಿ ಬಿಡಿ, ಸಮಗ್ರವಾಗಿ ನೋಡಿದ್ರೆ ಇದರಲ್ಲಿ ನಂದೇನೂ ತಪ್ಪಿಲ್ಲ ಅಂತಾಯ್ತು,” ಎಂದ.

“ಅದು ಆವತ್ತಿನ ಮಾತಾಯ್ತಣ್ಣ, ಮಿಕ್ಕ ದಿನದ್ದು?” ಎಂದಳು ಟೈಲರ್ ಅಕ್ಕ. “ನಮ್ಮ ಮನೆ ನಿಮ್ಮ ಮನೆ ಒಂದೇ ಅಚ್ಚು. ನಾನು ನಡುರಾತ್ರಿವರೆಗೂ ಹೊಲಿಯೋದು ಹಾಲ್‌ನಲ್ಲಿ. ಅಲ್ಲಿ ತಲೆ ಮೇಲೆ ಯಾವತ್ತೂ ಸದ್ದೇ ಕೇಳಿಲ್ಲ. ಸದ್ದು ಬರೋದೆಲ್ಲ ಮಲಗೋ ಕೋಣೆ ಮೇಲಿಂದ.”

ಹಾಲ್‌ನಲ್ಲಿ ಮಲಗುವವಳು ಯಾರು, ಕೋಣೆಯಲ್ಲಿ ಮಲಗುವವನು ಯಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆ ಕ್ಷಣದವರೆಗೂ ಸಮಗ್ರಪ್ಪ ತನ್ನನ್ನು ಸದ್ದಿಲ್ಲದ ಮನುಷ್ಯನೆಂದೇ ತಿಳಿದಿದ್ದ.

“ನಾಲ್ಕು ವರ್ಷ ಸೋಫಾ ಮೇಲೆ ಮುದುರ್ಕೊಂಡು ಮಲಗಿದ್ದೀನಿ,” ಎಂದಳು ಹೆಂಡತಿ. “ಸೋಮವಾರ ನನ್ನ ಮೂಗು ಕೊಯ್ಸೋದ್ರಲ್ಲಿದ್ರಿ.”

“ಅಲ್ಲ ಕಣೇ, ನನಗೆ ಕೇಳಿಸ್ತಿರ್ಲಿಲ್ಲ...”

ಅವಳು ಮೇಷ್ಟ್ರ ಹೆಂಡತಿಯ ಕಡೆ ನೋಡಿದಳು. ಅವರೂ ಇವಳ ಕಡೆ ನೋಡಿದರು. ಹೆಂಗಸರಿಬ್ಬರೂ ಬಾಗಿಲ ಮರೆಗೆ ಹೋಗಿ ಏನೋ ಪಿಸುಗುಟ್ಟಿದರು. ಹೊರಗೆ ಬಂದಾಗ ಇಬ್ಬರ ಮುಖವೂ ತೊಳೆದಿಟ್ಟ ಹಾಗಿತ್ತು.

“ಆಸ್ಪತ್ರೆಗೆ ಫೋನ್ ಮಾಡಿ ಬೇಡ ಅಂತೀನಿ. ಇವತ್ತಿಂದ ನಾನು ಮೇಲೆ, ಇವರ ಜೊತೆ ಮಲಗ್ತೀನಿ,” ಎಂದಳು ಹೆಂಡತಿ. “ಮೇಷ್ಟ್ರು ಕೆಳಗೆ, ನಿಮ್ಮ ಜೊತೆ.”

“ಏನು? ಮೇಷ್ಟ್ರಾ? ಇರೋದು ಒಂದೇ ಮಂಚ ಕಣೇ!”

ಅವನ ಮಾತು ಮುಗಿಯುವುದರೊಳಗೆ ಮೇಷ್ಟ್ರು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಬಂದು, ಅವನನ್ನು ಸವರಿಕೊಂಡೇ ಒಳಗೆ ನಡೆದರು. ದೀಪದ ಗುಂಡಿ ಎಲ್ಲಿದೆ ಎಂದು ತಡಕಾಡಲಿಲ್ಲ. ಕೋಣೆ ಯಾವುದೆಂದು ಕೇಳಲೂ ಇಲ್ಲ.

“ಗೋಡೆ ಪಕ್ಕ ನಂದು,” ಎಂಬ ದನಿ ಒಳಗಿಂದ ಬಂತು. “ಅಭ್ಯಾಸ ಆಗಿಹೋಗಿದೆ.”