ಒಂದೇ ಫ್ರಿಜ್ಜಿನಲ್ಲಿ ಬಿಯರೂ ಇಡ್ಲಿ ಹಿಟ್ಟೂ

ಯಾವ ವಸ್ತುವನ್ನಾದರೂ ಅಗ್ಗಕ್ಕೆ ಕೊಳ್ಳಬೇಕೆಂದರೆ ಅಂಗಡಿಗೆ ಹೋಗಬೇಡಿ, ಊರು ಬಿಟ್ಟು ಹೊರಟವರ ಮನೆಗೆ ಹೋಗಿ. ಅಂಗಡಿಯವನಿಗೆ ನಾಳೆಯೂ ಇದೆ, ನಾಡಿದ್ದೂ ಇದೆ. ವಿಮಾನದ ಟಿಕೆಟ್ ತೆಗೆಸಿ ಕೂತವನಿಗೆ ಇರುವುದು ಬರುವ ಶುಕ್ರವಾರ ಒಂದೇ. ಎಣ್ಣೆಯ ಬೆಲೆ ಪಾತಾಳ ಕಂಡ ಆ ವರ್ಷಗಳಲ್ಲಿ ಮಸ್ಕತ್ತಿನ ನಮ್ಮ ಬೀದಿಯಿಂದ ಯಾರಾದರೊಬ್ಬರು ಹೊರಡುತ್ತಲೇ ಇದ್ದರು. ನಾನು ಅವರ ಮನೆಗೆ ಹೋಗಿ ಮೊದಲು ಸಂತಾಪ ಸೂಚಿಸುತ್ತಿದ್ದೆ, ಆಮೇಲೆ ಸೋಫಾದ ಬೆಲೆ ಕೇಳುತ್ತಿದ್ದೆ. ಈ ಕ್ರಮ ತಪ್ಪಬಾರದು. ಮೊದಲೇ ಬೆಲೆ ಕೇಳಿದರೆ ಜಿಪುಣ ಎನ್ನುತ್ತಾರೆ. ಮೊದಲು ಸಂತಾಪ ಹೇಳಿ, ಅವರು ಕೊಟ್ಟ ಟೀ ಕುಡಿದು, 'ನಿಮ್ಮಂಥವರನ್ನೇ ಕಂಪನಿ ಬಿಟ್ಟರೆ ನಮ್ಮ ಗತಿ ಏನು ಸಾರ್' ಎಂದು ನಿಟ್ಟುಸಿರು ಬಿಟ್ಟರೆ ಅವರೇ ಇನ್ನೊಂದಿಷ್ಟು ಇಳಿಸುತ್ತಾರೆ. ಹೀಗೆ ಊರವರ ದುಃಖದಲ್ಲಿ ಭಾಗಿಯಾಗುತ್ತಾ ಆಗುತ್ತಾ ನಮ್ಮ ಮನೆ ತುಂಬಿತು.

ನಾನು ಓದಿ ಮೇಲೆ ಬಂದವನಲ್ಲ. ಮೈಸೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದವನು, ಗಿರಾಕಿಗಳ ಮುಖ ಓದಿ ಓದಿಯೇ ಒಮಾನಿನ ಒಂದು ಕಂಪನಿಯ ಪರ್ಚೇಸ್ ವಿಭಾಗದ ಕುರ್ಚಿಯ ತನಕ ಬಂದೆ. ತೈಲ ಬಾವಿಗಳಿಗೆ ಪೈಪು, ವಾಲ್ವು ಒದಗಿಸುವ ಕಂಪನಿ ಅದು. ಎಣ್ಣೆ ಇಳಿದ ಕೂಡಲೇ ಮೇಲಿನವರು ನನ್ನನ್ನು ಕರೆದು, ಸರಬರಾಜು ಮಾಡುವ ಒಬ್ಬೊಬ್ಬರನ್ನೂ ಹಿಂಡಿ ಬೆಲೆ ಇಳಿಸು ಎಂದರು. ನಾನು ಹಿಂಡಿದೆ. ಭೇಷ್ ಎಂದು ಬೆನ್ನು ತಟ್ಟಿದರು. ಮರುತಿಂಗಳು ಅದೇ ಕೈಯಿಂದ ನನ್ನ ಸಂಬಳವನ್ನೂ ಹಿಂಡಿದರು.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ನಮ್ಮಂಥ ಪರದೇಶಿಗಳು ಮನೆಗೆ ಬಿಯರ್ ತರಬೇಕಾದರೆ ಪರ್ಮಿಟ್ ಬೇಕಿತ್ತು. ಆ ಪರ್ಮಿಟ್ಟಿನಲ್ಲಿ ಎಷ್ಟು ಕೊಳ್ಳಬಹುದೆಂಬುದು ಸಂಬಳಕ್ಕೆ ತಕ್ಕ ಹಾಗೆ. ಸಂಬಳ ಹೆಚ್ಚಿದ್ದವನಿಗೆ ದಾಹವೂ ಹೆಚ್ಚು ಎಂಬ ಲೆಕ್ಕಾಚಾರ. ಆದರೆ ಮನುಷ್ಯನಿಗೆ ನಿಜವಾಗಿ ಬಿಯರ್ ಬೇಕಾಗುವುದು ಸಂಬಳ ಕಡಿತವಾದ ದಿನ ಸಂಜೆ ಎಂಬ ಸರಳ ಸಂಗತಿ ಯಾರಿಗೂ ಹೊಳೆದಂತಿಲ್ಲ. ಕೊಳ್ಳಲಾಗದ್ದನ್ನು ಮಾಡಿಕೊಳ್ಳಬೇಕು ಎಂಬುದು ನನ್ನ ಜೀವನಸೂತ್ರ. ಮನೆಯಲ್ಲಿ ಬಿಯರ್ ಕಾಯಿಸುವುದು ಕಾನೂನಿಗೆ ಒಗ್ಗುವ ಕೆಲಸವಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಬಾಗಿಲು ಹಾಕಿಕೊಂಡು ಮಾಡಿದೆ. ನೀವು ಮಾಡಬೇಡಿ. ಇದೂ ಪುಕ್ಕಟೆ ಸಲಹೆಯೇ.

ಆ ಹೊತ್ತಿಗೆ ನನ್ನ ಹೆಂಡತಿ ವತ್ಸಲಾ ಬೇರೆಯದೇ ಒಂದು ಚಿಂತೆಯಲ್ಲಿದ್ದಳು. ಸಂಬಳ ಇಳಿದವರೆಲ್ಲ ಆಗ ಮಾಡುತ್ತಿದ್ದದ್ದು ಒಂದೇ ಉಪಾಯ: ರಜೆಗೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುವುದು, ಮತ್ತೆ ಕರೆಸಿಕೊಳ್ಳದೆ ಇರುವುದು. ಗಂಡ ನಾಲ್ಕು ಜನ ಬ್ಯಾಚುಲರ್‌ಗಳ ಜತೆ ಒಂದು ರೂಮಿನಲ್ಲಿ ಮಂಚ ಹಾಕಿಕೊಳ್ಳುವುದು. ನಾನೂ ಒಂದು ದಿನ ಊಟದ ಹೊತ್ತಿಗೆ ಈ ಮಾತು ತೆಗೆದೆ. ವತ್ಸಲಾ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, "ನಿಧಿ ಒಂಬತ್ತನೇ ಕ್ಲಾಸು ರೀ. ಈಗ ಎತ್ತಿ ಬೇರೆ ಊರಿಗೆ ಹಾಕಿದ್ರೆ ಅವಳು ಏನಾಗ್ಬೇಕು? ಎಷ್ಟು ಕಮ್ಮಿ ಬೀಳುತ್ತೆ ಹೇಳಿ, ಅಷ್ಟು ನಾನು ದುಡೀತೀನಿ" ಎಂದಳು. ನಾನು ನಕ್ಕೆ. ಮಾರನೆಯ ವಾರವೇ ಅವಳು ಅಲ್ ಮವಾಲೇಹ್ ಬಡಾವಣೆಯ ನಮ್ಮ ಕಟ್ಟಡದವರಿಗೆ ಇಡ್ಲಿ ಹಿಟ್ಟು ರುಬ್ಬಿ ಕೊಡಲು ಶುರುಮಾಡಿದಳು. ಹಿಟ್ಟು ಓಡಿತು. ನಾನು ನಗುವುದನ್ನು ನಿಲ್ಲಿಸಿದೆ.

ಹೀಗೆ ಒಂದೇ ಅಡುಗೆಮನೆಯಲ್ಲಿ ಎರಡು ಹುದುಗು ಶುರುವಾದವು. ಅವಳದು ಸಂಸಾರ ಉಳಿಸಲು, ನನ್ನದು ಸಂಜೆ ಉಳಿಸಲು.

ನನ್ನ ಮೊದಲ ಯಂತ್ರ ಬಹಳ ಸರಳ. ಕುಡಿಯುವ ನೀರಿನ ದೊಡ್ಡ ಕ್ಯಾನು, ಅದರ ತುಂಬ ಅಮಲಿಲ್ಲದ ಮಾಲ್ಟ್ ಪಾನೀಯ, ಒಂದಿಷ್ಟು ಸಕ್ಕರೆ, ಬೇಕರಿಯ ಯೀಸ್ಟು, ಮುಚ್ಚಳದಿಂದ ಹೊರಟ ಒಂದು ನಳಿಕೆ. ಮಸ್ಕತ್ತಿನ ಸೆಕೆಗೆ ಅದು ರಾತ್ರಿ ಹಗಲೆನ್ನದೆ ಗುಳುಗುಳು ಎಂದಿತು. ಆಫೀಸಿನ ಗೆಳೆಯನೊಬ್ಬನಿಗೆ ಮೊದಲ ಲೋಟ ಕೊಟ್ಟೆ. ಅವನು ಒಂದು ಗುಟುಕು ಕುಡಿದು, ಲೋಟವನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟು, "ಸಾರ್, ಇದನ್ನ ಮಾರಬಹುದು. ಕುಡಿತ ಬಿಡಿಸೋ ಔಷಧ ಅಂತ" ಎಂದ.

ತಪ್ಪು ಯಂತ್ರದ್ದು ಎಂದು ನಿರ್ಧರಿಸಿದೆ. ಗಂಡಸರಿಗೆ ಇದೊಂದು ಅನುಕೂಲ; ತಪ್ಪು ಯಾವಾಗಲೂ ಯಂತ್ರದ್ದೇ, ಪರಿಹಾರ ಯಾವಾಗಲೂ ಇನ್ನೂ ದೊಡ್ಡ ಯಂತ್ರವೇ. ಊರಿಗೆ ಹೊರಟ ಕೇಟರಿಂಗ್‌ನವರೊಬ್ಬರಿಂದ ನಲ್ಲಿ ಇರುವ ಸ್ಟೀಲ್ ಹಂಡೆ ತಂದೆ. ಡಬ್ಬಿಯ ಪಾನೀಯ ಬೇಡ, ಕಾಳಿನಿಂದಲೇ ಶುರುಮಾಡೋಣ ಎಂದು ಹೋಲ್‌ಸೇಲ್ ಅಂಗಡಿಯಲ್ಲಿ ಗುದ್ದಾಡಿ ಒಂದು ಮೂಟೆ ಬಾರ್ಲಿ ತಂದೆ. ಬಾರ್ಲಿಯನ್ನು ಮೊಳಕೆ ಬರಿಸಬೇಕು, ಒಣಗಿಸಬೇಕು, ಒಡೆದು ಬೇಯಿಸಬೇಕು. ನೆನೆಸಿದೆ, ಬಟ್ಟೆಯಲ್ಲಿ ಕಟ್ಟಿದೆ, ಕಾದೆ. ಮೊಳಕೆ ಬರಲಿಲ್ಲ, ವಾಸನೆ ಬಂತು. ವತ್ಸಲಾ ಗಂಟು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು. "ಇದು ಗಂಜಿ ಮಾಡೋ ಬಾರ್ಲಿ ರೀ, ಪಾಲಿಶ್ ಮಾಡಿರೋದು. ಸಿಪ್ಪೆ ತೆಗೆದ ಕಾಳು ಮೊಳಕೆ ಬರುತ್ತಾ? ನಾಳೆ ತೊಗರಿಬೇಳೆ ಬಿತ್ತಿ ಗಿಡ ಬರಲಿಲ್ಲ ಅಂತ ಕೂರ್ತೀರಾ?" ಆ ಮೂಟೆ ಮುಗಿಯುವ ತನಕ ನಾವು ಬಾರ್ಲಿ ಗಂಜಿ ಕುಡಿದೆವು. ನಮ್ಮಷ್ಟು ಶುದ್ಧವಾದ ಮೂತ್ರಪಿಂಡಗಳು ಇಡೀ ಕೊಲ್ಲಿಯಲ್ಲಿ ಇರಲಿಕ್ಕಿಲ್ಲ.

ಆದರೆ ಮೊಳಕೆ ಎಂದ ಕೂಡಲೇ ನಮ್ಮ ಕಡೆಯವರಿಗೆ ಹೊಳೆಯಬೇಕಾದದ್ದು ರಾಗಿಯಲ್ಲವೇ? ನಿಧಿ ಮಗುವಾಗಿದ್ದಾಗ ಮೊಳಕೆ ರಾಗಿಯ ಹಿಟ್ಟು ತಿನ್ನಿಸಿಯೇ ಬೆಳೆಸಿದ್ದು. ರಾಗಿ ಒಂದೇ ದಿನಕ್ಕೆ ಬೆಳ್ಳಗೆ ಬೇರು ಬಿಟ್ಟಿತು. ಟೆರೇಸಿನಲ್ಲಿ ಹರಡಿ ಬರುವಷ್ಟರಲ್ಲಿ ಒಣಗಿತು. ಬಿಸಿಲಿನ ವಿಷಯದಲ್ಲಿ ಒಮಾನಿನಲ್ಲಿ ಯಾವತ್ತೂ ಕಡಿತವಿಲ್ಲ. ಕಹಿಗೆ ಹಾಪ್ ಎಂಬ ಹೂವು ಹಾಕಬೇಕಂತೆ. ಅದು ಸಿಗಲಿಲ್ಲ, ಮೆಂತ್ಯ ಹಾಕಿದೆ. ಪರಿಣಾಮ ಬಾಣಂತಿಯರಿಗೆ ಕೊಡುವ ಕಷಾಯದ ಹಾಗಿತ್ತು. ನೊರೆ ಮಾತ್ರ ಬಂತು. ನೊರೆ ಬಂದರೆ ಅರ್ಧ ಗೆದ್ದ ಹಾಗೆ ಎಂದುಕೊಂಡೆ.

ಕುದಿಸಿದ್ದನ್ನು ಬೇಗ ಆರಿಸದಿದ್ದರೆ ಕೆಡುತ್ತದೆ. ಹಾಗಾಗಿ ಎ.ಸಿ. ಮೆಕ್ಯಾನಿಕ್‌ನಿಂದ ಹಳೆಯ ತಾಮ್ರದ ನಳಿಕೆ ತಂದು ಸುರುಳಿ ಸುತ್ತಿ, ಹಂಡೆಯೊಳಗೆ ಇಳಿಬಿಟ್ಟು, ಅದರೊಳಗೆ ನಲ್ಲಿಯ ತಣ್ಣೀರು ಹರಿಸಿದೆ. ಜೂನ್ ತಿಂಗಳಲ್ಲಿ ಮಸ್ಕತ್ತಿನ ತಣ್ಣೀರಿನ ನಲ್ಲಿಯನ್ನು ಮುಟ್ಟಿ ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ತಾರಸಿಯ ಟ್ಯಾಂಕಿನಲ್ಲಿ ಕಾದ ನೀರು ಸ್ನಾನಕ್ಕೂ ಆಗದಷ್ಟು ಸುಡುತ್ತಿರುತ್ತದೆ. ಬೇಸಿಗೆಯಲ್ಲಿ ಇಲ್ಲಿಯವರೆಲ್ಲ ಗೀಸರ್ ಆರಿಸಿ, ಮನೆಯೊಳಗಿನ ಗೀಸರಿನಲ್ಲಿ ತಣ್ಣಗಾದ ನೀರಿನಲ್ಲೇ ಮೀಯುತ್ತಾರೆ. ನಾನು ನಳಿಕೆಯನ್ನು ಗೀಸರಿಗೇ ಜೋಡಿಸಿದೆ. ಬಿಯರ್ ತಣ್ಣಗಾಯಿತು, ಗೀಸರಿನ ತಣ್ಣೀರು ಮುಗಿಯಿತು. ಬಚ್ಚಲಿನಲ್ಲಿ ತಲೆಗೆ ಶಾಂಪೂ ಹಚ್ಚಿ ನಿಂತಿದ್ದ ನಿಧಿಯ ಮೇಲೆ ಟ್ಯಾಂಕಿನ ಕುದಿನೀರು ಬಂತು. "ಅಪ್ಪಾ! ಆರ್ ಯೂ ಕುಕಿಂಗ್ ಮೀ?" ಎಂದು ಅವಳು ಕಿರುಚಿದ್ದು ಕೆಳಗಿನ ವಾಚ್‌ಮನ್‌ಗೂ ಕೇಳಿಸಿತಂತೆ.

ಉಳಿದದ್ದು ಒಂದೇ: ಹದವಾದ ತಂಪಿನಲ್ಲಿ ಹುದುಗಿಸಲು ಉಷ್ಣತೆ ಹತೋಟಿಯಲ್ಲಿಡುವ ಫ್ರಿಜ್ಜು. ಎರಡು ಗಂಟೆ ದಾರಿಯ ಸಹಮ್ ಊರಿನಲ್ಲಿ ಒಬ್ಬ ಇಂಜಿನಿಯರ್ ಊರಿಗೆ ಹೊರಟಿದ್ದಾನೆ, ದೊಡ್ಡ ಫ್ರಿಜ್ಜು ಮಾರುತ್ತಿದ್ದಾನೆ ಎಂದು ತಿಳಿಯಿತು. ಹೋದೆ, ಸಂತಾಪ ಸೂಚಿಸಿದೆ, ಅರ್ಧಕ್ಕೆ ಇಳಿಸಿದೆ. ಅಲ್ಲಿಂದ ಅದನ್ನು ಹೊತ್ತು ತಂದ ಪಿಕಪ್‌ನವನು ಆ ಉಳಿದ ಅರ್ಧವನ್ನು ಬಾಡಿಗೆಯೆಂದು ಇಸಿದುಕೊಂಡ. ವಿಷಯ ಅದಲ್ಲ. ವಿಷಯ ಏನೆಂದರೆ, ಫ್ರಿಜ್ಜು ಬಂದ ದಿನವೇ ವತ್ಸಲಾ ಅದರ ಕೆಳಗಿನ ಅರ್ಧವನ್ನು ತನ್ನ ಹಿಟ್ಟಿಗೆ ಎಂದು ವಶಪಡಿಸಿಕೊಂಡಳು. ಸೆಕೆಗೆ ಹಿಟ್ಟು ನಾಲ್ಕೇ ಗಂಟೆಯೊಳಗೆ ಹುಳಿಯಾಗಿ ಉಕ್ಕುತ್ತಿತ್ತು. ಅವಳಿಗೂ ಹದವಾದ ತಂಪು ಬೇಕಿತ್ತು. ಮೇಲೆ ನನ್ನ ಕ್ಯಾನು, ಕೆಳಗೆ ಅವಳ ಪಾತ್ರೆಗಳು. ಬಾಡಿಗೆದಾರಳು ಕೆಳಗಿದ್ದಾಳೆ ಎಂದು ನಾನು ತಮಾಷೆ ಮಾಡಿದೆ. ಮನೆಯ ಬಾಡಿಗೆ ಆಗ ಯಾರ ಹಿಟ್ಟಿನಿಂದ ಹೋಗುತ್ತಿತ್ತು ಎಂಬುದನ್ನು ಅವಳು ನೆನಪಿಸಲಿಲ್ಲ. ದೊಡ್ಡ ಮನಸ್ಸು.

ಅಷ್ಟರಲ್ಲಿ ಬಂದದ್ದು ಹಮೀದಾಕನ ಆರ್ಡರು. ಹಮೀದಾಕ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು. ನಮ್ಮ ಬೀದಿ ಕೊನೆಯಲ್ಲಿ ಅವರದೊಂದು ಹೋಟೆಲು. ಬೆಳಗ್ಗೆ ಇಡ್ಲಿ ಶುರುಮಾಡಬೇಕೆಂದಿದ್ದರು. ಶನಿವಾರ ಒಂದು ದಿನದ ಹಿಟ್ಟು ನೋಡುವುದು, ಗಿರಾಕಿಗಳು ಒಪ್ಪಿದರೆ ದಿನಾ ವತ್ಸಲಾಳಿಂದಲೇ ತೆಗೆದುಕೊಳ್ಳುವುದು ಎಂದು ಮಾತಾಗಿತ್ತು. ಅದು ಸಿಕ್ಕಿದರೆ ನನ್ನ ಸಂಬಳದಿಂದ ಹೋದದ್ದು ತುಂಬುತ್ತಿತ್ತು. ತಾಯಿ ಮಗಳು ಬೇಸಿಗೆ ರಜೆಗೆ ಊರಿಗೆ ಹೋದರೂ ರಜೆ ಮುಗಿಸಿ ಹಿಂದಿರುಗಿ ಬರುತ್ತಿದ್ದರು. ಸಿಗದಿದ್ದರೆ ಹೋದವರು ಹೋದ ಹಾಗೆಯೇ. ವತ್ಸಲಾ ಗುರುವಾರ ಸಂಜೆ ರುಬ್ಬಿ ಪಾತ್ರೆಗಳನ್ನು ಫ್ರಿಜ್ಜಿನಲ್ಲಿಟ್ಟಳು. ನಾನು ಅದೇ ಸಂಜೆ ಮೇಲಿನ ಕ್ಯಾನಿಗೆ ಹೊಸ ರಾಗಿ ರಸ ತುಂಬಿದೆ. ಜಾಗ ಹಾಳಾಗಬಾರದೆಂದು ಕುತ್ತಿಗೆಯ ತನಕ ತುಂಬಿದೆ. ಖಾಲಿ ಜಾಗ ಬಿಡುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ.

ಶುಕ್ರವಾರ ಬೆಳಗ್ಗೆ ಫ್ರಿಜ್ಜಿನ ಬಾಗಿಲು ತೆರೆದ ವತ್ಸಲಾ ಕೂಗಲಿಲ್ಲ. ಅವಳು ಕೂಗದಿದ್ದಾಗಲೇ ನಾನು ಓಡಿ ಹೋಗುವುದು. ಕುತ್ತಿಗೆಯ ತನಕ ತುಂಬಿದ್ದ ಕ್ಯಾನು ನೊರೆಯುಕ್ಕಿ, ನಳಿಕೆಯ ಬಾಯಿ ಕಿತ್ತು, ಕಂದು ಬಣ್ಣದ ಬಿಯರು ಒಂದೊಂದು ಪಾತ್ರೆಗೂ ಸಮನಾಗಿ ಇಳಿದಿತ್ತು. ಬಿಳಿಯ ಹಿಟ್ಟಿನ ಮೇಲೆ ರಾಗಿ ಬಿಯರ್ ಒಗ್ಗರಣೆಯ ಹಾಗೆ ನಿಂತಿತ್ತು. ನಿಧಿ ಇಣುಕಿ, "ಯಕ್, ಸೋ ಗ್ರಾಸ್" ಎಂದು ಮೂಗು ಮುಚ್ಚಿಕೊಂಡು ಹೋದಳು.

ನಾನು ಕೂಡಲೇ ಪ್ರಾಕ್ಟಿಕಲ್ ಆದೆ. "ಮೇಲಿನದಷ್ಟು ಸೌಟಿನಲ್ಲಿ ತೆಗೆದುಬಿಡು. ಅದೂ ಹುದುಗಿದ್ದು, ಇದೂ ಹುದುಗಿದ್ದು. ಆವಿಯಲ್ಲಿ ಬೇಯಿಸಿದ ಮೇಲೆ ಏನೂ ಉಳಿಯೋದಿಲ್ಲ. ಯಾರಿಗೆ ಗೊತ್ತಾಗುತ್ತೆ?"

ವತ್ಸಲಾ ನನ್ನನ್ನು ನೋಡಿದ ನೋಟವನ್ನು ಯಾವ ಚೌಕಾಸಿಯಿಂದಲೂ ಇಳಿಸಲಾಗುತ್ತಿರಲಿಲ್ಲ. "ಐದು ಹೊತ್ತು ನಮಾಜ್ ಮಾಡೋ ಮನುಷ್ಯ ರೀ ಅವರು. ಅವರ ಹೋಟೆಲಲ್ಲಿ ಅವರ ಕೈಯಿಂದ ಇದನ್ನ ಬಡಿಸ್ತೀರಾ? ಗೊತ್ತಾಗದಿದ್ರೆ ಸರಿ ಹೋಗುತ್ತಾ?" ಎಂದು ಸೆರಗು ಸಿಕ್ಕಿಸಿ, ಒಂದೊಂದೇ ಪಾತ್ರೆಯನ್ನು ಸಿಂಕಿಗೆ ಸುರಿದಳು.

ಕೊನೆಯ ಪಾತ್ರೆ ಸುರಿಯುವಾಗ ಬಾಗಿಲು ಬಡಿಯಿತು. ಹಮೀದಾಕ. ನಾಳೆ ಹಿಟ್ಟು ತುಂಬಿಸಲು ತಮ್ಮ ಹೋಟೆಲಿನ ಡ್ರಮ್ಮುಗಳನ್ನೇ ಕೊಟ್ಟು ಹೋಗೋಣವೆಂದು ಬಂದಿದ್ದರು. ಒಳಗೆ ಕಾಲಿಟ್ಟವರೇ ಮೂಗರಳಿಸಿ, ಹಂಡೆ, ತಾಮ್ರದ ಸುರುಳಿ, ಗೀಸರಿನ ತನಕ ಹೋದ ಪೈಪು ಎಲ್ಲವನ್ನೂ ಕಣ್ಣಲ್ಲೇ ಅಳೆದು, "ಇದೆಂತ ಮಾರಾಯ್ರೆ, ಮನೆಯೊಳಗೇ ರಿಫೈನರಿ ಹಾಕಿದ್ದೀರಾ? ಅಲ್ಲಿ ಎಣ್ಣೆಗೆ ರೇಟಿಲ್ಲ ಅಂತ ಅಳ್ತಾ ಇದ್ದಾರೆ!" ಎಂದರು.

ನೀರು ಶುದ್ಧ ಮಾಡುವ ಯಂತ್ರ ಎನ್ನೋಣವೆಂದು ನಾನು ಬಾಯಿ ತೆರೆದೆ. ವತ್ಸಲಾ ನನಗಿಂತ ಮುಂಚೆ ತೆರೆದಳು. "ಇವರು ಬಿಯರ್ ಮಾಡ್ತಾರೆ. ಅದು ಉಕ್ಕಿ ನಿಮ್ಮ ಹಿಟ್ಟಿಗೆ ಬಿತ್ತು. ಎಲ್ಲಾ ಚೆಲ್ಲಿದ್ದೀನಿ, ನೋಡಿ. ಈಗ ನೆನೆಹಾಕಿದ್ರೆ ಈ ಸೆಕೆಗೆ ನಾಳೆ ಬೆಳಗ್ಗೆಗೆ ಹೊಸ ಹಿಟ್ಟು ಉಬ್ಬಿರುತ್ತೆ. ನಂಬಿಕೆ ಇದ್ರೆ ತಗೊಳ್ಳಿ, ಇಲ್ದಿದ್ರೆ ಬೇಜಾರಿಲ್ಲ."

ಹಮೀದಾಕ ಸಿಂಕಿನ ತನಕ ಹೋಗಿ ಬಗ್ಗಿ ನೋಡಿದರು, ಖಾಲಿ ಪಾತ್ರೆಗಳನ್ನು ಒಂದೊಂದಾಗಿ ಎಣಿಸಿದರು. ಅಷ್ಟು ಹೊತ್ತೂ ನನ್ನ ಹೆಂಡತಿ ಮಗಳ ವಿಮಾನ ನನ್ನ ತಲೆಯ ಮೇಲೆ ಸುತ್ತುತ್ತಿತ್ತು. ಕೊನೆಗೆ ಹೇಳಿದರು: "ನೀವು ಹೇಳದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ ಅಕ್ಕ. ಹೇಳಿದ್ರಲ್ಲ, ಅದು ಸಾಕು. ಹಿಟ್ಟು ನಿಮ್ಮದೇ ಆಗಲಿ. ಆದ್ರೆ ಹಿಟ್ಟಿರುವ ಮನೆಯಲ್ಲಿ ಇದು ಬೇಡ. ಒಂದು ಇದು, ಇಲ್ಲದಿದ್ದರೆ ಅದು."

"ಹಮೀದಾಕ, ಬೇರೆ ಫ್ರಿಜ್ಜು ತಂದರೆ?" ಎಂದೆ.

"ಬೇಡ."

"ಬಾಲ್ಕನಿಯಲ್ಲಿ? ಬೀಗ ಹಾಕಿ?"

"ಸಾರ್, ಫ್ರಿಜ್ಜಿಗೆ ಚೌಕಾಸಿ ಮಾಡಿ, ಮಂಚಕ್ಕೆ ಮಾಡಿ. ಇದಕ್ಕೆ ಇಲ್ಲ. ಖಲಾಸ್."

ಆಗ ನಾನು ಕೆಲ ಹೊತ್ತು ಯೋಚಿಸಿದೆ ಎಂದು ವತ್ಸಲಾ ಇವತ್ತಿಗೂ ಬಂದವರೆದುರಿಗೆಲ್ಲ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ನಾನು ಯೋಚಿಸಲಿಲ್ಲ, ಹಂಡೆಗೆ ಮರುಮಾರಾಟದ ಬೆಲೆ ಎಷ್ಟು ಬರಬಹುದೆಂದು ಅಂದಾಜು ಮಾಡಿದೆ. ಅಷ್ಟೇ.

ಮಾರುವ ಪ್ರಮೇಯ ಬರಲಿಲ್ಲ. ಶನಿವಾರದ ಇಡ್ಲಿ ಗೆದ್ದಿತು. ತಾಯಿ ಮಗಳು ರಜೆಗೆ ಊರಿಗೆ ಹೋಗಲೇ ಇಲ್ಲ; ದಿನಾ ಹಿಟ್ಟು ಕೊಡುವವರಿಗೆ ರಜೆ ಎಲ್ಲಿಂದ ಬರಬೇಕು? ಹಂಡೆಯನ್ನು ವತ್ಸಲಾ ಕುದಿನೀರಿನಲ್ಲಿ ಏಳೆಂಟು ಸಲ ತೊಳೆಸಿ ಉದ್ದಿನಬೇಳೆ ನೆನೆಸಲು ಇಟ್ಟುಕೊಂಡಳು. ತೊಳೆದವನು ನಾನು. ಫ್ರಿಜ್ಜಿನ ಮೇಲಂತಸ್ತೂ ಅವಳದಾಯಿತು. ಮುಂದೆ ಯಾರು ಊರಿಗೆ ಹೊರಟರೂ ಸಂತಾಪಕ್ಕೆ ನನ್ನನ್ನು ಕಳಿಸುವವಳು ಅವಳೇ. 'ದೊಡ್ಡ ಗ್ರೈಂಡರ್ ಇದೆಯಾ ಕೇಳ್ಕೊಂಡು ಬನ್ನಿ' ಎನ್ನುತ್ತಾಳೆ.

ಆಮೇಲೆ ಕಂಪನಿ ಇನ್ನೊಂದು ಸಲ ಸಂಬಳ ಕಡಿಯಿತು. ಆ ಸಂಜೆ ಮೆಲ್ಲಗೆ ಕೇಳಿದೆ: "ವತ್ಸಲಾ, ಈಗ ಮನೆ ನಡೆಯೋದು ನಿನ್ನ ಹಿಟ್ಟಿನಿಂದ. ಖರ್ಚು ಉಳಿಸಬೇಕು ಅಂದ್ರೆ ಈ ಸಲ ಯಾರನ್ನ ಊರಿಗೆ ಕಳಿಸೋದು?"

ಅವಳು ಹಿಟ್ಟಿಗೆ ಉಪ್ಪು ಹಾಕುತ್ತಾ, ತಲೆಯೆತ್ತದೆ ಹೇಳಿದಳು: "ಲೆಕ್ಕದ ಪ್ರಕಾರ ನಿಮ್ಮನ್ನೇ ಕಳಿಸಬೇಕು. ಆದ್ರೆ ಏನು ಮಾಡೋದು, ನನ್ನ ವೀಸಾ, ನಿಧಿ ವೀಸಾ ಎರಡೂ ನಿಮ್ಮ ಹೆಸರಲ್ಲೇ ಇದೆಯಲ್ಲ!"

ಇಲ್ಲಿ ಅಂಗಡಿ ಇಟ್ಟವರಿಗೆಲ್ಲ ಒಬ್ಬ ಕಫೀಲ್ ಇರುತ್ತಾನೆ. ಕಾಗದದಲ್ಲಿ ಒಡೆಯ ಅವನು, ಅಂಗಡಿ ನಡೆಸುವವರು ಬೇರೆ. ತಿಂಗಳಿಗೊಮ್ಮೆ ಬಂದು ಕೂತು, ಚಹಾ ಕುಡಿದು, ತನ್ನ ಪಾಲು ಎಣಿಸಿಕೊಂಡು ಹೋಗುತ್ತಾನೆ. ನಮ್ಮ ಮನೆಯ ಕಫೀಲ್ ಈಗ ನಾನು. ವ್ಯತ್ಯಾಸವಿಷ್ಟೇ: ನನಗೆ ಪಾಲು ಕೊಡುವುದಿಲ್ಲ, ಡೆಲಿವರಿಗೆ ಕಳಿಸುತ್ತಾರೆ. ಬ್ಯಾಚುಲರ್‌ಗಳು ಬಾಗಿಲಲ್ಲಿ ನಿಂತು, "ಹಿಟ್ಟು ಸ್ವಲ್ಪ ನೀರಾಗಿದೆಯಲ್ಲ ಅಂಕಲ್, ರೇಟು ಇಳಿಸಿ" ಎಂದು ಗುದ್ದಾಡುತ್ತಾರೆ. ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಹುಡುಗರು ಮುಂದೆ ಬರುತ್ತಾರೆ.