ಇಪ್ಪತ್ಮೂರನೆಯ ಹೆಜ್ಜೆ

ಎಲ್ಲಕ್ಕೂ ಮೂಲ ಒಂದು ಇಟ್ಟಿಗೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದು ಬೈಂಡರನ ಮನೆಯ ಊಟದ ಮೇಜಿನ ಮೇಲೆ, ಹಳೆಯ ಪೇಪರಿನ ಹಾಸಿಗೆಯಲ್ಲಿ ಬಣ್ಣ ಒಣಗಿಸಿಕೊಳ್ಳುತ್ತ ಕೂತಿತ್ತು. ಮೈಯೆಲ್ಲ ಬಿಳಿ, ಮೇಲೆ ಕೆಂಪು ಅಕ್ಷರ: ‘ಬಿರುಗಾಳಿ – ೨೩ ಹೆಜ್ಜೆ’. ಹೆಂಡತಿ ಏಳುವುದರೊಳಗೆ ಅದನ್ನು ಚೀಲಕ್ಕೆ ಸೇರಿಸಿಬಿಡಬೇಕು ಎಂದುಕೊಂಡವನು ಮೊದಲು ಹಲ್ಲುಜ್ಜಿ ಬರೋಣ ಎಂದು ಹೋದ. ಬರುವಷ್ಟರಲ್ಲಿ ಹೆಂಡತಿ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ರೀ ಇದು?”

“ಇಟ್ಟಿಗೆ.”

“ಇಟ್ಟಿಗೆ ಅಂತ ನನಗೂ ಕಾಣತ್ತೆ. ಎಂಟೇ ಹೆಜ್ಜೆ ಓಡಿ ಮುಗಿಸಿಬಿಡ್ತೀನಿ ಅಂತ ರಾತ್ರಿ ಮಾತು ಕೊಟ್ಟಿದ್ರಿ. ಇದ್ರಲ್ಲಿ ಇಪ್ಪತ್ಮೂರು ಅಂತಿದೆ!”

“ಅದು... ಬೋರ್ಡ್ ಬರೆಯೋನು ತಪ್ಪು ಬರೆದುಬಿಟ್ಟಿದ್ದಾನೆ ಕಣೇ.”

“ಹೌದಾ? ಹಾಗಾದ್ರೆ ಅಪ್ಪನ ಕೈಗೆ ಕೊಡಿ. ತಪ್ಪು ತಿದ್ದೋದ್ರಲ್ಲಿ ಅವರನ್ನ ಮೀರಿಸೋರಿಲ್ಲ.”

ಬೈಂಡರನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವಳ ಅಪ್ಪನನ್ನು ಮೀರಿಸಬೇಕೆಂದೇ ತಾನೇ ಅವನು ಈ ಇಟ್ಟಿಗೆ ಬರೆಸಿದ್ದು!

ಬೈಂಡರನೆಂದರೆ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವವನು. ವಾರಕ್ಕೆ ಆರು ದಿನ ಅವನ ಕೈಯಲ್ಲಿ ಸೂಜಿ, ದಾರ, ಅಂಟು. ಏಳನೆಯ ದಿನ ಚೆಂಡು. ಇಪ್ಪತ್ತೊಂದು ವರ್ಷದಿಂದ ಮುದ್ರಣಾಲಯದ ತಂಡಕ್ಕೆ ಅವನೇ ವೇಗದ ಬೌಲರ್. ಮೊದಮೊದಲು ಎಲ್ಲರೂ ‘ಬಿರುಗಾಳಿ’ ಎಂದೇ ಕರೆಯುತ್ತಿದ್ದರು. ನಲವತ್ತು ದಾಟಿ ಬಲಮೊಣಕಾಲು ಮುಷ್ಕರ ಹೂಡಿದ ಮೇಲೆ ಓಟ ಹದಿನೆಂಟು ಹೆಜ್ಜೆಯಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಎಂಟಕ್ಕೆ ಇಳಿಯಿತು. ಹೆಸರೂ ಸವೆದು ಸವೆದು ಬರೀ ‘ಗಾಳಿ’ ಉಳಿಯಿತು. ಈ ವರ್ಷ ಒಂದೇ ಒಂದು ವಿಕೆಟ್ಟೂ ಬಿದ್ದಿರಲಿಲ್ಲ. ಇನ್ನು ಮರ್ಯಾದೆ ಇರುವಾಗಲೇ ಎದ್ದು ಹೋಗುವುದು ಲೇಸು ಎಂದು, ಈ ಹೊತ್ತು ಪಕ್ಕದ ಬೀದಿಯ ಬೇಕರಿ ತಂಡದ ಮೇಲೆ ಆಡಿ ನಿವೃತ್ತನಾಗುವುದೆಂದು ತೀರ್ಮಾನಿಸಿದ್ದ.

ಮುದ್ರಣಾಲಯದ ತಂಡದಲ್ಲಿ ಒಂದು ಪದ್ಧತಿಯಿತ್ತು. ವೇಗದ ಬೌಲರ್ ನಿವೃತ್ತನಾಗುವ ದಿನ ತನ್ನ ಕೊನೆಯ ಚೆಂಡಿಗೆ ಎಲ್ಲಿಂದ ಓಡಲು ಶುರು ಮಾಡಿದನೋ ಅಲ್ಲಿ ನೆಲ ಅಗೆದು ಅವನ ಹೆಸರಿನ ಇಟ್ಟಿಗೆ ಹೂಳುವುದು. ಬ್ಯಾಟು ಹಿಡಿದವರಿಗೆ ಇಟ್ಟಿಗೆ ಇಲ್ಲ, ನಿಧಾನವಾಗಿ ಚೆಂಡು ತಿರುಗಿಸುವವರಿಗಂತೂ ಇಲ್ಲವೇ ಇಲ್ಲ. ಎಷ್ಟು ವಿಕೆಟ್ ಕಿತ್ತೆ ಎಂಬುದನ್ನು ಜನ ಮುಂದಿನ ವಾರಕ್ಕೆ ಮರೆಯುತ್ತಾರೆ, ಇಟ್ಟಿಗೆ ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಅಲ್ಲೇ ಇರುತ್ತದೆ. ಆ ಮೈದಾನದಲ್ಲಿ ಹಾಗೆ ಐದು ಇಟ್ಟಿಗೆಗಳಿದ್ದವು. ಎಲ್ಲಕ್ಕಿಂತ ದೂರದ್ದರ ಮೇಲೆ ‘ಸಿಡಿಲು – ೨೨ ಹೆಜ್ಜೆ’ ಎಂದಿತ್ತು. ಮೂವತ್ತು ವರ್ಷದಿಂದ ಅದನ್ನು ಯಾರೂ ದಾಟಿರಲಿಲ್ಲ.

ಸಿಡಿಲು ಎಂದರೆ ಬೈಂಡರನ ಮಾವ. ನಲವತ್ತು ವರ್ಷ ಅದೇ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ, ಈಗ ಪಿಂಚಣಿ ಪಡೆಯುತ್ತಿದ್ದವರು. ಮದುವೆಯ ಕಾಗದದಲ್ಲೂ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸು ಕಳಿಸುವ ಆಸಾಮಿ. ಚೆಂಡು ಬಿಟ್ಟ ಮೇಲೆ ತಂಡಕ್ಕೆ ಅಂಪೈರ್ ಆಗಿದ್ದರು. ಮಗಳ ಮನೆಗೆ ಊಟಕ್ಕೆ ಬಂದಾಗಲೆಲ್ಲ ಮೊದಲ ತುತ್ತಿಗೂ ಎರಡನೆಯ ತುತ್ತಿಗೂ ನಡುವೆ “ನಮ್ಮ ಕಾಲದಲ್ಲಿ ಇಪ್ಪತ್ತೆರಡು ಹೆಜ್ಜೆ ಅಳಿಯಂದಿರೇ, ಇಪ್ಪತ್ತೆರಡು!” ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಬೈಂಡರ್ ಆ ಇಪ್ಪತ್ತೆರಡನ್ನು ಅನ್ನದ ಜೊತೆ ನುಂಗಿದ್ದ. ಹೋಗುವ ಮೊದಲು ಒಂದೇ ಒಂದು ಹೆಜ್ಜೆ ಅವರಿಗಿಂತ ಹಿಂದಿನಿಂದ ಓಡಿಬಿಟ್ಟರೆ ಈ ಜನ್ಮಕ್ಕೆ ಅಷ್ಟೇ ಸಾಕಿತ್ತು ಅವನಿಗೆ.

ಗಂಡನ ಮುಖ ನೋಡಿಯೇ ಹೆಂಡತಿಗೆ ಎಲ್ಲ ತಿಳಿಯಿತು. ಅವಳು ಕಿಟಕಿ ತೆರೆದು ಎದುರು ಮನೆಯ ಕಂಪೌಂಡರನ್ನು ಕೂಗಿದಳು. “ಇವರ ಮೊಣಕಾಲು ಸ್ವಲ್ಪ ಕಟ್ಟಿಕೊಡ್ತೀರಾ? ಭದ್ರವಾಗಿ.”

ಪರೋಪಕಾರಕ್ಕೆ ಕಂಪೌಂಡರು ಯಾವತ್ತೂ ಹಿಂದೆ ಬಿದ್ದವರಲ್ಲ. ಓಡೋಡಿ ಬಂದು ತೊಡೆಯಿಂದ ಮೀನಖಂಡದವರೆಗೆ ಮೂರು ಸುರುಳಿ ಪಟ್ಟಿ ಸುತ್ತಿದರು. ಬೈಂಡರ್ ಎದ್ದು ನಿಂತು ನೋಡಿದ. ಕಾಲು ಕಂಬವಾಗಿತ್ತು.

“ಮಡಚೋಕೇ ಆಗ್ತಿಲ್ವಲ್ಲ ಸ್ವಾಮಿ?”

“ಮಡಚಿದ್ರೆ ತಾನೇ ನೋಯೋದು?” ಎಂದರು ಕಂಪೌಂಡರು, ದೊಡ್ಡ ರಹಸ್ಯ ಹೇಳುವವರಂತೆ. “ಅದಿರಲಿ, ಇಪ್ಪತ್ಮೂರು ಹೆಜ್ಜೆಯಂತೆ? ಯಾರಿಗೂ ಹೇಳಲ್ಲ ಬಿಡಿ.”

ಅವರು ಯಾರಿಗೂ ಹೇಳುವುದಿಲ್ಲ ಎಂದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಬೈಂಡರ್ ಒಂದು ಕೈಯಲ್ಲಿ ಇಟ್ಟಿಗೆಯ ಚೀಲ ಹಿಡಿದು, ಕಂಬದ ಕಾಲನ್ನು ಎಳೆಯುತ್ತ ಬೀದಿಗಿಳಿಯುವ ಹೊತ್ತಿಗೆ ದರ್ಜಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ, ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದಿದ್ದ. “ಇಪ್ಪತ್ಮೂರಂತೆ! ಭಲೇ!” ಎಂದು ಒಬ್ಬ, “ಹುಷಾರು ಮಾರಾಯ, ಹಾರಿ ಬಿದ್ದೀಯ” ಎಂದು ಇನ್ನೊಬ್ಬ. ಮೈದಾನ ತಲುಪುವಾಗ ಅವನ ಹಿಂದೆ ಸಣ್ಣ ಮೆರವಣಿಗೆಯೇ ಇತ್ತು. ಅದರಲ್ಲಿ ಕೊಡೆ ಹಿಡಿದ ಅವನ ಹೆಂಡತಿಯೂ ಇದ್ದಳು.

ಮಾವ ಆಗಲೇ ಬಿಳಿ ಕೋಟು ತೊಟ್ಟು, ಕನ್ನಡಕ ಒರೆಸುತ್ತ ನಿಂತಿದ್ದರು. ಚೀಲವನ್ನೂ ಅಳಿಯನನ್ನೂ ಒಮ್ಮೆ ನೋಡಿ, “ಭಾರ ಇದ್ದ ಹಾಗಿದೆ ಅಳಿಯಂದಿರೇ” ಎಂದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಬೈಂಡರ್ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ. ಈ ಮನುಷ್ಯನಿಗೆ ವಿಷಯ ಗೊತ್ತಾಗಿದೆ!

ಬೇಕರಿ ತಂಡ ಮೊದಲು ಬ್ಯಾಟ್ ಮಾಡಿತು. ಬೇಕರಿಯ ಯಜಮಾನ ಮೈಕೈ ತುಂಬಿದ ಆಳು. ಹಿಟ್ಟು ನಾದಿ ನಾದಿ ಅವನ ತೋಳು ಒನಕೆಯಂತಾಗಿದ್ದವು. ಅವನೊಬ್ಬನೇ ಎಪ್ಪತ್ತು ರನ್ ಹೊಡೆದು, ಇನ್ನೂ ದಣಿಯದೆ ನಿಂತಿದ್ದ. ಉಳಿದದ್ದು ಇಪ್ಪತ್ತನೆಯ ಓವರ್ ಒಂದೇ. ಮುದ್ರಣಾಲಯದ ನಾಯಕ ಚೆಂಡನ್ನು ಬೈಂಡರನ ಕೈಗಿತ್ತ. ನಾಯಕ ಎಂದರೆ ಯಂತ್ರ ನಡೆಸುವವನು. ದಿನವಿಡೀ ಯಂತ್ರದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

“ಗಾಳೀ! ಇದು ನಿನ್ನ ಕೊನೇ ಓವರು! ಮೊದಲ ಐದು ಚೆಂಡು ಎಂಟು ಹೆಜ್ಜೆಯಿಂದ ಹಾಕಿ ಮೊಣಕಾಲು ಉಳಿಸ್ಕೋ! ಆರನೇದಕ್ಕೆ ಮಾವನ್ನ ದಾಟು!”

ಮೂರು ಮಾರು ದೂರದಲ್ಲಿದ್ದ ಮಾವ ಆಕಾಶ ನೋಡುತ್ತ ನಿಂತರು.

ಐದು ಚೆಂಡುಗಳ ಗತಿಯನ್ನು ಹೇಳದಿರುವುದೇ ಮೇಲು. ಎರಡು ಬೌಂಡರಿಗೆ ಹೋದವು, ಒಂದನ್ನು ಪಕ್ಕದ ಕಾಂಪೌಂಡಿನಿಂದ ಕೇಳಿ ತರಬೇಕಾಯಿತು. ಬೈಂಡರ್ ಅದೊಂದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಐದನೆಯದು ಮುಗಿದದ್ದೇ ತಡ, ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಹಿಂದಕ್ಕೆ ನಡೆಯತೊಡಗಿದ. ಹನ್ನೆರಡರ ಇಟ್ಟಿಗೆ ದಾಟಿದ, ಹದಿನೇಳರದ್ದನ್ನು ದಾಟಿದ. ಜನರೆಲ್ಲ ಎದ್ದು ನಿಂತರು. “ರೀ!” ಎಂದು ಹೆಂಡತಿ ಕೂಗಿದ್ದು ಕೇಳಿಸಿತು. ಕೇಳಿಸದವನಂತೆ ನಡೆದ. ಇಪ್ಪತ್ತೆರಡರ ಇಟ್ಟಿಗೆಗೆ ಮನಸ್ಸಿನಲ್ಲೇ ಕೈಮುಗಿದು ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟ.

ಮೂವತ್ತು ವರ್ಷದಿಂದ ಯಾರೂ ಆ ದಾಖಲೆ ಮುರಿಯದಿದ್ದುದು ಯಾಕೆಂದು ಅವನಿಗೆ ಆಗ ತಿಳಿಯಿತು. ಇಪ್ಪತ್ಮೂರನೆಯ ಹೆಜ್ಜೆ ಇದ್ದದ್ದು ಮುಳ್ಳುಬೇಲಿಯೊಳಗೆ.

ಇಲ್ಲಿಯವರೆಗೆ ಬಂದು ಮುಳ್ಳಿಗೆ ಹೆದರುವುದುಂಟೇ? ಬೈಂಡರ್ ಬೆನ್ನು ಕೊಟ್ಟು ಬೇಲಿಯೊಳಗೆ ನುಗ್ಗಿದ. ಅಂಗಿ ಚರ್ರೆಂದಿತು. ಈಗ ಮೈದಾನದವರಿಗೆ ಅವನ ಟೋಪಿ ಮಾತ್ರ ಕಾಣುತ್ತಿತ್ತು.

“ಬೌಲರ್ ಎಲ್ರೀ?” ಎಂದು ಬೇಕರಿಯವನು ಬ್ಯಾಟು ಕೆಳಗಿಟ್ಟು ಕೇಳಿದ.

“ಬೇಲಿಯೊಳಗಿದ್ದಾರೆ. ಬರ್ತಾರೆ, ತಾಳಿ” ಎಂದರು ಮಾವ.

“ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಅಂತಾರಲ್ಲ, ಇದೇ ಇರಬೇಕು!” ಎಂದು ಕಂಪೌಂಡರು ನಕ್ಕರು. ಹೆಂಡತಿ ಕೊಡೆಯನ್ನು ಅವರ ಕಡೆ ತಿರುಗಿಸಿದ್ದರಿಂದ ಅವರ ನಗು ಅಲ್ಲಿಗೇ ನಿಂತಿತು.

ಬೈಂಡರ್ ಹೊರಟ. ಮೊದಲ ನಾಲ್ಕು ಹೆಜ್ಜೆ ಕಂಬ ನಡೆದ ಹಾಗೆ, ಧಡ್ ಧಡ್. ಐದನೆಯದಕ್ಕೆ ಪಟ್ಟಿಯ ಗಂಟು ಬಿಚ್ಚಿತು. ಹತ್ತನೆಯದಕ್ಕೆ ಮೂರು ಮಾರು ಬಿಳಿ ಬಟ್ಟೆ ಅವನ ಹಿಂದೆ ಬಾಲದಂತೆ ಹಾರತೊಡಗಿತು. ಆದರೆ ಕಾಲು ಮಡಚಿತು! ಮಡಚಿದ್ದೇ ಹಳೆಯ ಬಿರುಗಾಳಿ ಎಲ್ಲಿಂದಲೋ ಮೈಮೇಲೆ ಬಂದಂತಾಯಿತು. ಹದಿನೈದು, ಹದಿನೆಂಟು, ಇಪ್ಪತ್ತು. ಕಿವಿಯಲ್ಲಿ ಗಾಳಿ ಹೊಡೆಯಿತು. ಇಪ್ಪತ್ತೊಂದು ವರ್ಷದ ಹಿಂದೆ ಮೊದಲ ಸಲ ಓಡಿದಾಗಿನ ಖುಷಿ ಅವನ ಎದೆಯಲ್ಲಿ ಉಕ್ಕಿ ಬಂತು. ಗೆರೆಯ ಬಳಿ ಕಾಲೂರಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಚೆಂಡು ಎಸೆದ.

ನಿಜ ಹೇಳಬೇಕೆಂದರೆ ಒಳ್ಳೆಯ ವೇಗದ ಚೆಂಡೇ. ಆದರೆ ಬೇಕರಿಯವನ ತೋಳು ಒನಕೆ ಎಂದು ಮೊದಲೇ ಹೇಳಿದೆನಲ್ಲ. ಚೆಂಡು ಬಂದ ವೇಗದ ಎರಡರಷ್ಟು ವೇಗದಲ್ಲಿ ಮೇಲೆದ್ದು, ಕೊಡೆಗಳನ್ನೂ ಬೇಲಿಯನ್ನೂ ದಾಟಿ, ರಸ್ತೆಯಾಚೆಯ ನೀರಿನ ಟ್ಯಾಂಕಿಗೆ ಢಣ್ಣೆಂದು ಬಡಿಯಿತು. ಸಿಕ್ಸರ್.

ಬೈಂಡರನಿಗೆ ಅದರ ಪರಿವೆಯೇ ಇರಲಿಲ್ಲ. ಹೊಡೆದರೆ ಹೊಡೆದುಕೊಳ್ಳಲಿ, ಓಡಿದ್ದಾಯಿತು, ಮುಗಿಯಿತು! ನಗುತ್ತ ಎರಡೂ ಕೈಯೆತ್ತಿದ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಕೈ ಮೆಲ್ಲಗೆ ಅಡ್ಡಕ್ಕೆ ಚಾಚಿಕೊಂಡಿತು.

“ನೋ ಬಾಲ್” ಎಂದರು ಮಾವ.

ನೋ ಬಾಲ್ ಎಂದರೆ ಆ ಚೆಂಡು ಲೆಕ್ಕಕ್ಕಿಲ್ಲ, ಇನ್ನೊಂದು ಹಾಕಬೇಕು. ಫ್ರೀ ಹಿಟ್ಟು ಗಿಟ್ಟು ಈ ಮೈದಾನಕ್ಕೆ ಇನ್ನೂ ಬಂದಿರಲಿಲ್ಲ.

“ಮಾವಾ!” ಬೈಂಡರ್ ಎತ್ತಿದ ಕೈ ಇಳಿಸದೆಯೇ ಅವರ ಕಡೆ ತಿರುಗಿದ. “ನನ್ನ ಕಾಲು ಗೆರೆ ಒಳಗೇ ಇತ್ತು ಮಾವ!”

“ಅಂಪೈರ್ ನಾನು, ಅಳಿಯಂದಿರೇ. ಇನ್ನೊಂದು ಚೆಂಡಿದೆ. ಹಾಕಿ.”

“ಹೊಟ್ಟೆಕಿಚ್ಚು! ಇದು ಬರೀ ಹೊಟ್ಟೆಕಿಚ್ಚು!” ಎಂದು ನಾಯಕ ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದ. ಮೈದಾನಕ್ಕೆಲ್ಲ ಕೇಳಿಸಿತು. ಮಾವ ಕನ್ನಡಕ ತೆಗೆದು ಒರೆಸಿದರು, ಅಷ್ಟೇ.

ಬೈಂಡರ್ ಬೇಲಿಯ ಕಡೆಗೆ ತಿರುಗಿದ. ಒಂದು ಹೆಜ್ಜೆಯಿಟ್ಟ. ಮೊಣಕಾಲು ಕಟಕ್ಕೆಂದಿತು. ಎರಡನೆಯ ಹೆಜ್ಜೆಯಿಟ್ಟು, ಮಾವನ ಮಗ್ಗುಲಲ್ಲೇ ನಿಂತುಬಿಟ್ಟ. ಮೂರನೆಯ ಹೆಜ್ಜೆಗೆ ಕಾಲು ಖಡಾಖಂಡಿತವಾಗಿ ಒಲ್ಲೆನೆಂದಿತು. ಇಪ್ಪತ್ಮೂರು ಹೋಗಲಿ, ಎಂಟೂ ಇಲ್ಲ. ಅವನಿಗೆ ಅಳು ಬಂದಿತ್ತು. ನಿಂತಲ್ಲಿಂದಲೇ ಎರಡು ಹೆಜ್ಜೆ ಕುಂಟಿ, ಹಾಳಾಗಿ ಹೋಗಲಿ ಎಂದು ಚೆಂಡನ್ನು ಕೈಬಿಟ್ಟ.

ಬೇಕರಿಯವನು ಹಿಂದಿನ ಚೆಂಡಿನ ವೇಗವನ್ನೇ ತಲೆಯಲ್ಲಿಟ್ಟುಕೊಂಡಿದ್ದ. ಗಿರ್ರೆಂದು ಬ್ಯಾಟು ಬೀಸಿದ. ಬೀಸಿ, ತಾನೂ ಒಂದು ಸುತ್ತು ತಿರುಗಿ, ಮತ್ತೆ ಮುಂದಕ್ಕೆ ನೋಡಿದಾಗ ಚೆಂಡು ಇನ್ನೂ ಬರುತ್ತಲೇ ಇತ್ತು. ಅದು ಒಂದು ಸಲ ಪುಟಿದು, ಅವನ ಕಾಲ ಪಕ್ಕದಲ್ಲಿ ನುಸುಳಿ, ಸ್ಟಂಪಿಗೆ ಮೆತ್ತಗೆ ಒರಗಿತು. ಬೇಲ್ಸ್ ಸ್ವಲ್ಪ ಯೋಚನೆ ಮಾಡಿ ಕೆಳಗೆ ಬಿತ್ತು.

ಔಟ್! ಈ ವರ್ಷದ ಮೊದಲ ವಿಕೆಟ್!

ಜನ ನುಗ್ಗಿ ಬಂದು ಬೈಂಡರನನ್ನು ಎತ್ತಿ ಕುಣಿಸಿದರು. ನಾಯಕ ಜೇಬಿನಲ್ಲಿದ್ದ ಬೀಳ್ಕೊಡುಗೆ ಭಾಷಣದ ಕಾಗದ ಮರೆತು, ಸಲಿಕೆ ತಂದ. ಹೊಸ ಇಟ್ಟಿಗೆ ಚೀಲದಿಂದ ಹೊರಬಂತು. ಆಗ ಎಲ್ಲರ ನಗುವೂ ನಿಧಾನವಾಗಿ ಇಳಿಯಿತು.

“ಪದ್ಧತಿ ಪ್ರಕಾರ” ಎಂದು ನಾಯಕ ತಲೆ ಕೆರೆದ, “ಕೊನೇ ಚೆಂಡಿಗೆ ಎಲ್ಲಿಂದ ಹೊರಟನೋ ಅಲ್ಲಿ...”

“ಬೇಲಿಯೊಳಗೆ!” ಎಂದ ಬೈಂಡರ್.

“ಅದು ನೋ ಬಾಲು. ಲೆಕ್ಕಕ್ಕಿಲ್ಲ ಕಣಪ್ಪ.”

ಸ್ಟಂಪಿನಿಂದ ಎರಡು ಹೆಜ್ಜೆ ಹಿಂದಕ್ಕೆ, ಬೌಲರುಗಳು ಎಡವುತ್ತಾರೆಂದು ಒಂದು ಮೊಳ ಪಕ್ಕಕ್ಕೆ ಸರಿಸಿ, ಗುಂಡಿ ತೆಗೆದರು. ಬೈಂಡರ್ ಇಟ್ಟಿಗೆಯನ್ನು ಎದೆಗವಚಿಕೊಂಡು, “ಇದರಲ್ಲಿ ಇಪ್ಪತ್ಮೂರು ಅಂತ ಬರೆದಿದೆಯಲ್ಲ, ಹೇಗೆ ಹೂಳ್ತೀರಿ?” ಎಂದು ಕೊನೆಯ ವಾದ ಹೂಡಿದ.

“ಕೊಡಿ ಇಲ್ಲಿ” ಎಂದರು ಮಾವ. ಜೇಬಿನಿಂದ ಬೀಗದ ಕೈ ತೆಗೆದು, ಕನ್ನಡಕದ ಹತ್ತಿರ ಹಿಡಿದು, ಮೂರರ ಅಂಕಿಯನ್ನು ನೀಟಾಗಿ ಕೆರೆದು ತೆಗೆದರು. ‘ಬಿರುಗಾಳಿ – ೨ ಹೆಜ್ಜೆ’ ಉಳಿಯಿತು. ಹೆಂಡತಿ ಗಂಡನ ಕಡೆ ತಿರುಗಿ, “ನಾನು ಹೇಳಲಿಲ್ವಾ, ಅಪ್ಪ ತಿದ್ದಿಕೊಡ್ತಾರೆ ಅಂತ?” ಎಂದಳು.

ಎಲ್ಲರೂ ನೀರು ಕುಡಿಯಲು ಮರದ ನೆರಳಿಗೆ ಹೋದರು. ಬೈಂಡರ್ ಮಾತ್ರ ಕಾಲು ಚಾಚಿಕೊಂಡು ಇಟ್ಟಿಗೆಯ ಪಕ್ಕದಲ್ಲೇ ಕೂತ. ಮಾವ ಬಂದು ನಿಂತರು.

“ಒಂದು ಮಾತು ಕೇಳ್ತೀನಿ ಮಾವ. ನಿಜ ಹೇಳಿ. ನನ್ನ ಕಾಲು ಗೆರೆ ದಾಟಿತ್ತಾ?”

ಮಾವ ಅತ್ತಿತ್ತ ನೋಡಿದರು.

“ಇಲ್ಲ. ನಾಲ್ಕು ಬೆರಳು ಒಳಗೇ ಇತ್ತು. ನಲವತ್ತು ವರ್ಷದಲ್ಲಿ ಸರಿ ಇದ್ದದ್ದನ್ನ ತಪ್ಪು ಅಂದಿದ್ದು ಇದೊಂದೇ ಸಲ.”

“ಮತ್ತೆ ಯಾಕೆ ಮಾವ?”

“ಇಪ್ಪತ್ತೊಂದು ವರ್ಷ ಬೆವರು ಸುರಿಸಿದೋರು ನೀವು. ಕೊನೇ ಚೆಂಡಿಗೆ ಸಿಕ್ಸರ್ ಹೊಡೆಸಿಕೊಂಡು ಮನೆಗೆ ಹೋಗೋದನ್ನ ನನ್ನ ಕೈಲಿ ನೋಡಕ್ಕಾಗಲಿಲ್ಲ. ಇನ್ನೊಂದು ಚೆಂಡಾದ್ರೂ ಸಿಗಲಿ ಅಂತ ಕೈ ತಾನಾಗೇ ಚಾಚಿಬಿಡ್ತು. ಈ ಇಟ್ಟಿಗೆ ವಿಷಯ ಆ ಕ್ಷಣಕ್ಕೆ ಹೊಳೀಲೇ ಇಲ್ಲ.” ಮಾವನ ದನಿ ತಗ್ಗಿತು. “ನೀವು ನನ್ನನ್ನ ದಾಟಿದ್ರಿ ಅಳಿಯಂದಿರೇ. ಇಪ್ಪತ್ಮೂರು. ನಾನು ಎಣಿಸಿದೆ.”

ಬೈಂಡರನ ಕಣ್ಣು ತುಂಬಿ ಬಂತು. ಸಿಟ್ಟು ಮಾಡೋಣವೆಂದರೆ ಸಿಟ್ಟೂ ಬರಲಿಲ್ಲ. “ಹಾಗಾದ್ರೆ ಅದನ್ನ ಎಲ್ಲರ ಮುಂದೆ ಒಂದು ಸಲ ಹೇಳಿಬಿಡಿ ಮಾವ!”

“ಅದು ಹ್ಯಾಗಾಗತ್ತೆ? ಅಂಪೈರ್ ತೀರ್ಪು ಕೊಟ್ಟಾಯ್ತು. ಅಚ್ಚಾದ ಮೇಲೆ ತಿದ್ದೋ ಪದ್ಧತಿ ಇಲ್ಲ.”

ಅಷ್ಟರಲ್ಲಿ ಬೇಕರಿ ತಂಡ ಚೆಂಡು ಹಿಡಿದು ಮೈದಾನಕ್ಕಿಳಿಯಿತು. ಬೈಂಡರ್ ಕುಂಟುತ್ತ ಹೊರಗೆ ಹೋಗಿ ಹೆಂಡತಿಯ ಪಕ್ಕ ಕೂತು ತಿರುಗಿ ನೋಡಿದ. ಮಾವ ಸ್ಟಂಪಿನ ಹಿಂದೆ ತಮ್ಮ ಮಾಮೂಲಿ ಜಾಗಕ್ಕೆ ಬಂದು ನಿಂತರು. ನೆಲದಿಂದ ಮೂರು ಬೆರಳು ಮೇಲೆದ್ದಿದ್ದ ಇಟ್ಟಿಗೆ ಸರಿಯಾಗಿ ಅವರ ಪಾದದ ಬಳಿಯೇ ಇತ್ತು. ಬಗ್ಗಿ ನೋಡಿದರು, ಮೆಲ್ಲಗೆ ಅದರ ಮೇಲೆ ಹತ್ತಿ ನಿಂತರು.

“ಆಹಾ!” ಎಂದು ಅವರು ಅಲ್ಲಿಂದಲೇ ಕೂಗಿದರು. “ಇಲ್ಲಿಂದ ಗೆರೆ ಎಷ್ಟು ಸ್ಪಷ್ಟವಾಗಿ ಕಾಣತ್ತೆ ಅಳಿಯಂದಿರೇ! ಇನ್ನು ಮೇಲೆ ಪ್ರತಿ ಭಾನುವಾರ ನಾನು ಇಲ್ಲೇ ನಿಂತ್ಕೋತೀನಿ.”

‘ಬಿರುಗಾಳಿ’ ಪೂರ್ತಿ ಅವರ ಬೂಟಿನ ಅಡಿಗೆ ಹೋಗಿತ್ತು. ಹೊರಗೆ ಕಾಣುತ್ತಿದ್ದುದು ‘೨ ಹೆಜ್ಜೆ’ ಮಾತ್ರ.